ಗುಳ್ಳೆನರಿಯ ನಾಯಿಕಣ್ಣು

ಮಕ್ಕಳ ಬಾಯಲ್ಲಿ ಆಕೆ ಪೆಟ್ಟಿಗೆ ಟೀಚರ್. ಹಾಗಂತ ಯಾವ ಶಾಲೆಗೂ ಸೇರಿದವಳಲ್ಲ. ಆಕೆ ಪ್ರಾಣಿಪಕ್ಷಿಗಳ ಮ್ಯೂಸಿಯಂನವಳು. ಮ್ಯೂಸಿಯಂಗೆ ಬರಲಾಗದವರ ಬಾಗಿಲಿಗೆ ಮ್ಯೂಸಿಯಂ ಅನ್ನೇ ಹೊತ್ತುಕೊಂಡು ಹೋಗುವುದು ಆಕೆಯ ಕೆಲಸ. ವ್ಯಾನಿನ ಹಿಂಭಾಗದಲ್ಲಿ ಮರದ ಪೆಟ್ಟಿಗೆಗಳು. ಒಂದರಲ್ಲಿ ಹಕ್ಕಿಗೂಡು, ಒಡೆದ ಮೊಟ್ಟೆಚಿಪ್ಪು. ಇನ್ನೊಂದರಲ್ಲಿ ಹಾವಿನ ಪೊರೆ, ಆಮೆಚಿಪ್ಪು, ಕಾಡುಹಂದಿಯ ದವಡೆ. ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯಲ್ಲಿ, ಹಳೆಯ ಕಂಬಳಿಯ ಮೇಲೆ, ಹತ್ತಿ ತುಂಬಿ ಹೊಲಿದ ಒಂದು ಗುಳ್ಳೆನರಿ. ಗಾಜಿನ ಹಿಂದೆ ಇರುವುದನ್ನು ಮುಟ್ಟಿದರೆ ಮ್ಯೂಸಿಯಂನ ಕಾವಲುಗಾರ ಬೈಯುತ್ತಾನೆ. ಪೆಟ್ಟಿಗೆಯಲ್ಲಿ ಇರುವುದನ್ನು ಮುಟ್ಟದಿದ್ದರೆ ಈಕೆ ಬೈಯುತ್ತಾಳೆ.

ಪೆಟ್ಟಿಗೆಗೆ ಬರುವ ಪ್ರಾಣಿ ಮೊದಲ ದರ್ಜೆಯದಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಕಿವಿ ಹರಿದದ್ದು, ಬಣ್ಣ ಮಾಸಿದ್ದು, ಬಾಲ ಮುರಿದದ್ದು, ಒಟ್ಟಿನಲ್ಲಿ ಗಾಜಿನ ಕಪಾಟಿನಿಂದ ಇಳಿಸಿದ್ದು ಇಲ್ಲಿಗೆ ಬರುತ್ತದೆ. ಮಕ್ಕಳ ಕೈ ಸವರಿ ಸವರಿ ಒಂದು ದಿನ ರೋಮವೆಲ್ಲ ಉದುರಿ ಅದರ ಸೇವೆ ಮುಗಿಯುತ್ತದೆ. ಗುಳ್ಳೆನರಿಯ ಕಥೆ ಮಾತ್ರ ಬೇರೆ. ಅದು ಒಂದು ಮುಂಗಾಲು ಎತ್ತಿ, ಕಿವಿ ನೆಟ್ಟಗೆ ಮಾಡಿ, ಈಗಷ್ಟೇ ಏನೋ ಸದ್ದು ಕೇಳಿಸಿದ ಹಾಗೆ ನಿಂತಿತ್ತು. ಮೈಯಲ್ಲಿ ಎಳ್ಳಷ್ಟೂ ಕುಂದಿರಲಿಲ್ಲ. ಅದನ್ನು ಇಳಿಸಿದ್ದು ಕಣ್ಣಿನ ಕಾರಣಕ್ಕೆ.

“ಮಕ್ಕಳೇ, ಇದರಲ್ಲಿ ಒಂದೇ ಒಂದು ತಪ್ಪಿದೆ. ಯಾರು ಹುಡುಕ್ತೀರೋ ಅವರು ನರೀನ ಎತ್ಕೊಂಡು ವ್ಯಾನ್ ತನಕ ಬರಬಹುದು,” ಅಂದರೆ ಸಾಕು, ತರಗತಿ ಜೇನುಗೂಡಾಗುತ್ತಿತ್ತು. ಉಗುರು ಎಣಿಸುವವರು, ಬಾಲ ಎಳೆಯುವವರು, ಹೊಟ್ಟೆಯ ಕೆಳಗೆ ತೂರಿ ನೋಡಬಾರದ್ದನ್ನೆಲ್ಲ ನೋಡಿ ಕಿಸಕ್ಕೆಂದು ನಗುವವರು. ಕೊನೆಗೆ ಯಾರಾದರೊಬ್ಬರು, ಸಾಮಾನ್ಯವಾಗಿ ಮನೆಯಲ್ಲಿ ನಾಯಿ ಸಾಕಿದವರು, “ಟೀಚರ್, ಕಣ್ಣು! ನಮ್ಮನೆ ನಾಯಿ ಕಣ್ಣು ಹೀಗೇ ಇರೋದು!” ಎಂದು ಕಿರುಚುತ್ತಿದ್ದರು.

“ಭೇಷ್! ಗುಳ್ಳೆನರಿ ಕಣ್ಣಿನ ಪಾಪೆ ಹಗಲಲ್ಲಿ ಬೆಕ್ಕಿನ ಕಣ್ಣಿನ ಥರ ಉದ್ದಕ್ಕೆ ಸೀಳಿದ ಹಾಗಿರುತ್ತೆ. ಇದಕ್ಕೆ ನೋಡಿ, ಗುಂಡಗಿದೆ. ಮಾಡಿದವರು ತಪ್ಪಿ ನಾಯಿ ಕಣ್ಣು ಇಟ್ಟುಬಿಟ್ಟಿದ್ದಾರೆ. ದೊಡ್ಡವರೂ ತಪ್ಪು ಮಾಡ್ತಾರೆ, ಗೊತ್ತಾಯ್ತಾ?”

ಮಕ್ಕಳಿಗೆ ಇದಕ್ಕಿಂತ ಖುಷಿಯ ಪಾಠ ಬೇರೆ ಯಾವುದಿದೆ? ಇಡೀ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಆ ಆಟದಿಂದಲೇ ಮ್ಯೂಸಿಯಂನ ಕಾರ್ಯಕ್ರಮ ಊರಲ್ಲೆಲ್ಲ ಹೆಸರಾಯಿತು. ಆ ಮಕ್ಕಳಲ್ಲಿ ಕೆಲವರು ತಾಯಂದಿರಾದ ಮೇಲೂ ರಸ್ತೆಯಲ್ಲಿ ಆಕೆಯನ್ನು ತಡೆದು, “ನಾಯಿಕಣ್ಣಿನ ನರಿ ಇನ್ನೂ ಇದೆಯಾ ಟೀಚರ್?” ಎಂದು ಕೇಳುವುದಿತ್ತು.

ಆ ಕಣ್ಣು ಇಟ್ಟವರು ಆಕೆಯ ಅಪ್ಪ.

ಅಪ್ಪ ಅದೇ ಮ್ಯೂಸಿಯಂನ ಹಿಂದಿನ ವರ್ಕ್‌ಶಾಪಿನಲ್ಲಿ ಸತ್ತ ಪ್ರಾಣಿಗಳ ತೊಗಲು ಹದ ಮಾಡಿ, ಒಳಗೆ ಮೈ ಕಟ್ಟಿ, ಹೊಲಿದು ನಿಲ್ಲಿಸುತ್ತಿದ್ದವರು. ಹೆಂಡತಿ ತೀರಿಕೊಂಡಾಗ ಮಗಳಿಗೆ ಇನ್ನೂ ಮಾತು ಸರಿಯಾಗಿ ತಿರುಗುತ್ತಿರಲಿಲ್ಲ. ಮನೆಯಲ್ಲಿ ನೋಡಿಕೊಳ್ಳುವವರು ಬೇರೆ ಯಾರೂ ಇಲ್ಲ. ಹಾಗಾಗಿ ಹುಡುಗಿ ಬೆಳೆದದ್ದು ವರ್ಕ್‌ಶಾಪಿನ ಮೇಜಿನ ಕೆಳಗೆ, ಹತ್ತಿಯ ಮೂಟೆಗೆ ಒರಗಿಕೊಂಡು. ಸುತ್ತಲೂ ಕೋರೆಹಲ್ಲು, ಕೊಕ್ಕು, ಉಗುರು. ಅವನ್ನು ಕಂಡರೆ ಜೀವ ಬಾಯಿಗೆ ಬರುತ್ತಿತ್ತು. ಅಲ್ಲಿ ಅವಳಿಗೆ ಹೆದರಿಕೆಯಾಗದ ಪ್ರಾಣಿ ಗುಳ್ಳೆನರಿಯೊಂದೇ. ಅದರ ಕುತ್ತಿಗೆ ತಬ್ಬಿಕೊಂಡು ನಿದ್ದೆ ಹೋದದ್ದು ಈಗಲೂ ಅರೆಬರೆ ನೆನಪಿದೆ.

ಓದು ಮುಗಿಸಿ ಅದೇ ಮ್ಯೂಸಿಯಂನಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸ ಸಿಕ್ಕಾಗ, ಅಪ್ಪನ ಕೃಪೆಯಿಂದ ಬಂದವಳು ಎಂದು ಕೆಲವರು ಮೂಗು ಮುರಿದರು. ಅದು ಅವಳಿಗೆ ಚುಚ್ಚಿತು. ತಾನೂ ನಾಲ್ಕಕ್ಷರ ಬಲ್ಲವಳು ಎಂದು ತೋರಿಸುವ ಹಟ ಹತ್ತಿತು. ಹಟ ಹತ್ತಿದವರ ಕಣ್ಣಿಗೆ ತಪ್ಪು ಬೇಗ ಬೀಳುತ್ತದೆ. ಒಂದು ದಿನ ಮ್ಯೂಸಿಯಂನ ಮುಖ್ಯಸ್ಥರು ಹೊರಗಿನ ಅತಿಥಿಗಳಿಗೆ ಕಪಾಟುಗಳನ್ನು ತೋರಿಸುತ್ತ ಬಂದಾಗ, ಆಕೆ ಮುಂದೆ ಹೋಗಿ, “ಸರ್, ಈ ಗುಳ್ಳೆನರಿ ಕಣ್ಣು ತಪ್ಪು. ಇದು ನಾಯೀದು,” ಎಂದುಬಿಟ್ಟಳು. ಪಕ್ಕದ ಕಪಾಟಿನಲ್ಲಿ ಅಪ್ಪ ಬಲ್ಬು ಬದಲಿಸುತ್ತ ನಿಂತಿದ್ದರು.

“ಹೌದೇನ್ರೀ?” ಎಂದು ಮುಖ್ಯಸ್ಥರು ಅಪ್ಪನ ಕಡೆ ತಿರುಗಿದರು.

ಅಪ್ಪ ನರಿಯನ್ನು ನೋಡಿದರು. ಮಗಳನ್ನು ನೋಡಿದರು. “ಹೌದು ಸರ್, ತಪ್ಪಾಗಿದೆ,” ಎಂದು ಸ್ಟೂಲಿನಿಂದ ಕೆಳಗಿಳಿದರು.

ನರಿ ಉಗ್ರಾಣದ ಪಾಲಾಗುವುದರಲ್ಲಿತ್ತು. ಆಕೆಯೇ ಹೋಗಿ ಕೇಳಿ ತನ್ನ ಪೆಟ್ಟಿಗೆಗೆ ತಂದುಕೊಂಡಳು, ಮರುವಾರವೇ ಆಟ ಕಟ್ಟಿದಳು. ಆಗೆಲ್ಲ ಮಕ್ಕಳನ್ನು ಕೂರಿಸುತ್ತಿದ್ದದ್ದು ಮ್ಯೂಸಿಯಂನ ಅಂಗಳದಲ್ಲೇ. ಆ ಅಂಗಳಕ್ಕೆ ವರ್ಕ್‌ಶಾಪಿನ ಕಿಟಕಿ ತೆರೆದುಕೊಳ್ಳುತ್ತಿತ್ತು. ನಿವೃತ್ತರಾಗುವ ತನಕ ಅಪ್ಪ ಆ ಕಿಟಕಿಯ ಪಕ್ಕ ಕೂತು ಹೊಲಿದರು. ಮಕ್ಕಳ ನಗು ಅವರ ಕಿವಿಗೆ ಬಿದ್ದಿಲ್ಲ ಎಂದು ನಂಬುವಷ್ಟು ದಡ್ಡಿ ಆಕೆಯೂ ಅಲ್ಲ.

ಮನೆಗೆ ಬಂದರೆ ಅಪ್ಪ ಮಗಳ ನಡುವೆ ಜಗಳವಿಲ್ಲ, ಮುನಿಸಿಲ್ಲ. ನಲ್ಲಿ ಸೋರುವುದರಿಂದ ಹಿಡಿದು ಪಕ್ಕದ ಮನೆಯವರ ರೇಡಿಯೋ ತನಕ ಎಲ್ಲ ಮಾತಾಡುತ್ತಿದ್ದರು. ನರಿಯ ಮಾತು ಮಾತ್ರ ಬರಲಿಲ್ಲ. ಎಳೆ ವಯಸ್ಸಿನ ಸೊಕ್ಕು ಇಳಿದ ಮೇಲೆ ಆಕೆಗೆ ತಾನು ಮಾಡಿದ್ದೇನು ಎಂದು ಅರಿವಾಯಿತು. ಆದರೆ ಆಟ ಅಷ್ಟು ಹೊತ್ತಿಗೆ ಮ್ಯೂಸಿಯಂನ ಆಸ್ತಿಯಾಗಿತ್ತು, ಕ್ಷಮೆ ಕೇಳುವ ಮಾತು ಗಂಟಲಲ್ಲೇ ಉಳಿದಿತ್ತು. ಅಪ್ಪ ಒಂದು ಸಲ, ಒಂದೇ ಒಂದು ಸಲ, ಬಾಯ್ತುಂಬ ಬೈದುಬಿಟ್ಟಿದ್ದರೆ ಸಾಕಿತ್ತು. ಅವರು ಇರುವಾಗಲೇ ಆ ಮಾತೊಂದು ಆಗಿಬಿಡಲಿ ಎಂಬುದೇ ಆಕೆಗೆ ಉಳಿದ ದೊಡ್ಡ ಆಸೆ.

ಈ ನಡುವೆ ಅಪ್ಪನ ಕಣ್ಣಿನ ನರ ಸೊರಗಿ ದೃಷ್ಟಿ ಪೂರ್ತಿ ಹೋಯಿತು. ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕಣ್ಣು ಕಾಣದವರ ಸಂಘವಿತ್ತು. ಅಪ್ಪ ಕೋಲು ಹಿಡಿದು ಅಲ್ಲಿಗೆ ಹೋಗಿ, ಕಾಯಿಗಳನ್ನು ತಡವಿ ಚದುರಂಗ ಆಡಿ, ಸೋತು, ಗೊಣಗುತ್ತ ಮನೆಗೆ ಬರುತ್ತಿದ್ದರು. ಮ್ಯೂಸಿಯಂನವರು ಆ ಸಂಘಕ್ಕೂ ಪೆಟ್ಟಿಗೆ ಕಳಿಸಲು ತೀರ್ಮಾನಿಸಿದರು. ಅಪ್ಪನ ಗೆಳೆಯರ ಎದುರು ಅಪ್ಪನ ತಪ್ಪನ್ನು ಇನ್ನೊಮ್ಮೆ ಹರಡುವುದೇ? ನರಿಯ ಪೆಟ್ಟಿಗೆ ಬೇಡ ಎಂದು ಬದಿಗಿಟ್ಟೇ ಹೊರಟಳು. ಅಲ್ಲಿ ಹೋಗಿ ನೋಡಿದರೆ ಡ್ರೈವರ್ ಅಭ್ಯಾಸಬಲದಿಂದ ಅದನ್ನೂ ಏರಿಸಿಕೊಂಡು ಬಂದಿದ್ದ.

“ನರಿ ಇಲ್ದೆ ನಿಮ್ಮ ಪ್ರೋಗ್ರಾಂ ನಡೆಯುತ್ತಾ ಮೇಡಂ?” ಎಂದು ಅವನೇ ಎತ್ತಿ ತಂದು ಮೇಜಿನ ಮೇಲೆ ನಿಲ್ಲಿಸಿಬಿಟ್ಟ.

ಆಕೆ ತಪ್ಪಿನ ಮಾತೇ ಎತ್ತಲಿಲ್ಲ. ಗೂಡು ಕೊಟ್ಟಳು, ಪೊರೆ ಕೊಟ್ಟಳು, ಆಮೆಚಿಪ್ಪು ಕೊಟ್ಟಳು. ಸರದಿಯಲ್ಲಿ ನರಿಯೂ ಕೈಯಿಂದ ಕೈಗೆ ಹೋಗಿ ಒಬ್ಬ ಹೆಂಗಸಿನ ತೊಡೆಗೆ ಬಂತು. ಆ ಹೆಂಗಸು ವಯಸ್ಸಾದ ಮೇಲೆ ದೃಷ್ಟಿ ಕಳೆದುಕೊಂಡ ಟೈಲರ್, ಎಲ್ಲರಿಗೂ ಟೈಲರಮ್ಮ. ಟೈಲರಮ್ಮನ ಬೆರಳು ನರಿಯ ಹೊಟ್ಟೆಯ ಕೆಳಗೆ ಓಡಾಡಿತು, ಕಾಲಿನ ಒಳಬದಿಗೆ ಹೋಯಿತು, ಮತ್ತೆ ಹೊಟ್ಟೆಗೆ ಬಂತು.

“ಇದನ್ನ ಹೊಲಿದಿದ್ದು ಯಾರು? ಹೊಲಿಗೆ ಎಲ್ಲಿದೆ ಅಂತ ನಂಗೇ ಸಿಗ್ತಿಲ್ಲ. ಇಂಥ ಕೈ ನಮ್ಮ ಅಂಗಡೀಲಿ ಒಂದು ಇದ್ದಿದ್ರೆ ನಾನು ಮಹಾರಾಣಿ ಆಗ್ಬಿಡ್ತಿದ್ದೆ.”

ಎಲ್ಲರೂ ನಕ್ಕರು. ಅಪ್ಪ ಇದ್ದದ್ದು ಪಕ್ಕದ ಕುರ್ಚಿಯಲ್ಲೇ. ಟೈಲರಮ್ಮ ಬಿಡುವ ಪೈಕಿಯಲ್ಲ. “ಅಲ್ಲಾ, ನಮ್ಮ ಮೊಮ್ಮಗಳ ಸ್ಕೂಲಿಗೆ ಬಂದಿದ್ದ ನರಿ ಇದೇ ತಾನೇ? ಕಣ್ಣು ತಪ್ಪಿಟ್ಟಿದಾರೆ ಅಂತ ಅವಳು ಮನೆಗೆ ಬಂದು ಬಿದ್ದು ಬಿದ್ದು ನಗ್ತಿದ್ಲು. ಹೀಗೆ ಹೊಲಿಯೋ ಮನುಷ್ಯ ಕಣ್ಣು ತಪ್ಪಿಡ್ತಾನೇನು? ನಾನಂತೂ ನಂಬಲ್ಲ.”

ಕೈಯಿಂದ ಕೈಗೆ ಸುತ್ತಿ ವಾಪಸ್ ಬಂದಿದ್ದ ಆಮೆಚಿಪ್ಪನ್ನು ಮಗಳು ಎತ್ತಿಕೊಂಡಳು. ಏನಾದರೂ ಹೇಳಿ ಮಾತು ತಿರುಗಿಸಬೇಕು ಎಂದುಕೊಳ್ಳುವಷ್ಟರಲ್ಲಿ ಅಪ್ಪ ಕೈ ಚಾಚಿದರು. “ಕೊಡಿ ಇಲ್ಲಿ,” ಎಂದು ನರಿಯನ್ನು ತೊಡೆಗೆ ತೆಗೆದುಕೊಂಡರು. ಕಿವಿ ಮುಟ್ಟಿದರು, ಮೂತಿ ಮುಟ್ಟಿದರು. ಹೆಬ್ಬೆರಳು ಗಾಜಿನ ಕಣ್ಣಿನ ಮೇಲೆ ನಿಂತಿತು.

“ಹೊಲಿದಿದ್ದು ನಾನೇ,” ಎಂದರು. “ಕಣ್ಣು ತಪ್ಪಿ ಇಟ್ಟಿದ್ದಲ್ಲ. ಮೊದಲು ಸರಿಯಾದ್ದೇ ಇಟ್ಟಿದ್ದೆ. ನನ್ನ ಮಗಳು ಆಗ ಚಿಕ್ಕೋಳು. ತಾಯಿ ಹೋಗಿ ಇನ್ನೂ ಹೆಚ್ಚು ದಿನ ಆಗಿರ್ಲಿಲ್ಲ. ಈ ನರಿ ಕಣ್ಣು ಕಂಡ್ರೆ ಕಿಟಾರನೆ ಕಿರುಚೋಳು, ವರ್ಕ್‌ಶಾಪ್ ಒಳಗೆ ಕಾಲೇ ಇಡ್ತಿರ್ಲಿಲ್ಲ. ಬಾಗಿಲ ಹೊರಗೆ ಒಬ್ಬಳೇ ಕೂತು ಅಳೋಳು. ಬೇರೆ ಎಲ್ಲಿ ಬಿಡ್ಲಿ ನಾನು? ಒಂದು ದಿನ ಆ ಕಣ್ಣು ಕಿತ್ತು ನಾಯಿ ಕಣ್ಣು ಇಟ್ಟೆ. ಅವತ್ತೇ ಒಳಗೆ ಬಂದ್ಲು. ಬಂದು, ಇದರ ಕುತ್ತಿಗೆ ಹಿಡ್ಕೊಂಡು ನಿದ್ದೆ ಮಾಡಿದ್ಲು.”

ಮಗಳು ಅಲ್ಲೇ ನಾಲ್ಕು ಹೆಜ್ಜೆ ದೂರದಲ್ಲಿ ಆಮೆಚಿಪ್ಪು ಎದೆಗವಚಿಕೊಂಡು ನಿಂತಿದ್ದಾಳೆ ಎಂದು ಅಪ್ಪನಿಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಹೆಜ್ಜೆ, ಗೊತ್ತಿಲ್ಲದೆ ಏನು. ಮಗಳಿಗೆ ಅಳು ಒತ್ತರಿಸಿ ಬಂತು. ಅಲ್ಲಿ ಯಾರಿಗೂ ಕಣ್ಣೀರು ಕಾಣದು ಎಂದು ಆಕೆ ಅದನ್ನು ಒರೆಸಿಕೊಳ್ಳಲೂ ಹೋಗಲಿಲ್ಲ.

ಸಂಜೆ ಮನೆಯಲ್ಲಿ ಅಪ್ಪ ಊಟಕ್ಕೆ ಕೂತಿದ್ದರು. ಬಡಿಸುವ ಸೌಟು ತಟ್ಟೆಯ ಮೇಲೆ ಹಾಗೇ ನಿಂತಿತು.

“ಅಪ್ಪ, ಅವತ್ತೇ ಯಾಕೆ ಹೇಳ್ಲಿಲ್ಲ? ಅಷ್ಟು ಜನರ ಮುಂದೆ ತಪ್ಪು ಅಂತ ಒಪ್ಕೊಂಡ್ರಲ್ಲ.”

“ಇನ್ನೇನು ಹೇಳ್ಲಿ? ನೀನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಪ್ರಾಣಿ ಕಂಡ್ರೆ ಹೆದರ್ತಿದ್ದ ಹುಡುಗಿ, ಇವಳಿಗೋಸ್ಕರ ಕಣ್ಣು ಬದಲಾಯ್ಸಿದೆ ಅಂದಿದ್ರೆ ಅಲ್ಲಿ ಎಲ್ರೂ ನಿನ್ನ ನೋಡಿ ನಗ್ತಿದ್ರು. ನನ್ನ ನೋಡಿ ನಕ್ರೆ ನಂಗೇನೂ ಆಗಲ್ಲ ಅನ್ಕೊಂಡೆ.”

“ಆಗ್ಲಿಲ್ವಾ?”

ಅಪ್ಪ ತಟ್ಟೆಯ ಅಂಚನ್ನು ಬೆರಳಿನಿಂದ ಸವರಿದರು. “ಆಯ್ತು,” ಎಂದರು. “ವರ್ಕ್‌ಶಾಪ್ ಕಿಟಕಿ ಹಾಕ್ಕೊಂಡ್ರೆ ಸೆಕೆ.”

ಇಷ್ಟು ವರ್ಷ ಆಕೆ ಕಾದ ಬೈಗುಳ ಅದೇ. ಸೌಟು ಕೆಳಗಿಟ್ಟು ಅಪ್ಪನ ಮೊಣಕಾಲಿಗೆ ಹಣೆ ಹಚ್ಚಿ, “ತಪ್ಪಾಯ್ತಪ್ಪ, ದೊಡ್ಡ ತಪ್ಪಾಯ್ತು,” ಎಂದಳು. ಅಪ್ಪ ಎಂಜಲಾಗದ ಕೈಯಿಂದ ಅವಳ ತಲೆ ಹುಡುಕಿ ಸವರಿದರು. ಆಮೇಲೆ ಎದ್ದು ಹೋಗಿ, ತಮ್ಮ ಹಳೆಯ ಸೂಜಿದಾರದ ಡಬ್ಬಿಯ ತಳದಿಂದ ಬಟ್ಟೆಯಲ್ಲಿ ಸುತ್ತಿದ್ದ ಏನನ್ನೋ ತಂದು ಅವಳ ಅಂಗೈಯಲ್ಲಿಟ್ಟರು. ಎರಡು ಗಾಜಿನ ಕಣ್ಣು. ಜೇನಿನ ಬಣ್ಣ, ನಡುವೆ ಉದ್ದಕ್ಕೆ ಸೀಳಿದಂಥ ಕಪ್ಪು ಪಾಪೆ.

“ಈಗ ಹಾಕ್ಸು,” ಎಂದರು. “ಈಗ ನಿಂಗೆ ಭಯ ಆಗಲ್ಲ.”

ಆಕೆ ಹಾಕಿಸಲಿಲ್ಲ. ಮುಂದಿನ ವಾರ ಒಂದು ಶಾಲೆಯಲ್ಲಿ, ಎಂದಿನಂತೆ ನರಿಯನ್ನು ಮೇಜಿನ ಮೇಲೆ ನಿಲ್ಲಿಸಿ, “ಇದರಲ್ಲಿ ಏನೋ ಒಂದು ಬೇರೆ ಥರ ಇದೆ, ಹುಡುಕಿ,” ಎಂದಳು. ಎರಡು ಜಡೆಯ ಹುಡುಗಿಯೊಬ್ಬಳು ಕಣ್ಣು ಹಿಡಿದಳು. ಆಕೆ ಬಟ್ಟೆಯ ಗಂಟು ಬಿಚ್ಚಿ ಆ ಎರಡು ಕಣ್ಣುಗಳನ್ನು ಮಕ್ಕಳ ಕೈಗೆ ಕೊಟ್ಟಳು. ನಿಜವಾದ ಗುಳ್ಳೆನರಿಯ ಕಣ್ಣು ಹೀಗಿರುತ್ತದೆ, ಬೆಳಕಿಗೆ ಹಿಡಿದು ನೋಡಿ ಎಂದಳು.

“ಹಾಗಾದ್ರೆ ಮಾಡಿದವರು ತಪ್ಪು ಮಾಡಿದ್ರಾ ಟೀಚರ್?” ನಗಲು ತಯಾರಾಗಿ ಆಗಲೇ ಬಾಯಿ ತೆರೆದಿದ್ದವು ಮಕ್ಕಳು.

“ಇಲ್ಲ. ಒಂದು ಪುಟ್ಟ ಹುಡುಗಿ ಈ ಕಣ್ಣು ಕಂಡ್ರೆ ಹೆದರಿ ಅಳ್ತಿದ್ಲು. ಅವಳಿಗೆ ಅಮ್ಮ ಇರ್ಲಿಲ್ಲ. ಅದಕ್ಕೆ ಅವಳ ಅಪ್ಪ ಬೇರೆ ಕಣ್ಣು ಇಟ್ರು.”

“ಯಾವ ಹುಡುಗಿ?”

“ನಾನೇ,” ಎಂದಳು.

ಮನೆಗೆ ಬಂದಾಗ ಅಪ್ಪ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಆಕೆ ಚಪ್ಪಲಿ ಬಿಟ್ಟು, ಕೈಚೀಲವನ್ನೂ ಇಳಿಸದೆ ಹತ್ತಿರ ಹೋಗಿ ನಿಂತಳು.

“ಅಪ್ಪ, ಇವತ್ತು ಯಾರೂ ನಗ್ಲಿಲ್ಲ.”

“ಹೌದಾ,” ಎಂದರು ಅಪ್ಪ. ಅವಳ ಕಡೆ ಮುಖ ತಿರುಗಿಸಿ ಮತ್ತೆ ಕೇಳಿದರು, “ಒಬ್ಬರೂ ನಗ್ಲಿಲ್ವಾ?”

“ಒಬ್ಬರೂ ಇಲ್ಲ.”