ಹಡಗು ಹತ್ತುವ ಬೆಳಿಗ್ಗೆ ಬಂದ ತಂತಿ

ಹಡಗಿಗೆ ನಾನು ಹತ್ತಕ್ಕೆ ಆರು ಅಂಕ ಕೊಟ್ಟೆ. ನಸ್ಸಾವ್ ಬಂದರಿಗೆ ನಾಲ್ಕು. ಆಮೇಲಿನ ಊರುಗಳಿಗೆ ಏನೂ ಕೊಡಲಿಲ್ಲ. ಯಾಕೆ ಅನ್ನುವುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಈಗ ಫೋನಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಬರೆಯುತ್ತಿದ್ದೇನೆ. ನಿಧಾನವಾದರೂ ಹೊಡೆದುಹಾಕಿದ್ದು ಕಾಣುವುದಿಲ್ಲ, ಅಷ್ಟು ಅನುಕೂಲ.

ಎಪ್ಪತ್ತರ ದಶಕದ ನಡುಭಾಗ. ನನ್ನ ಗಂಡನಿಗೆ ಡೆಟ್ರಾಯ್ಟ್ ಹತ್ತಿರದ ವಿಕ್ಸಮ್‌ನಲ್ಲಿ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಕೆಲಸ. ವರ್ಷದಲ್ಲಿ ಐದು ತಿಂಗಳು ಕಿಟಕಿಯ ಆಚೆ ಬಿಳಿ, ಈಚೆ ನಾನು. ಹಿಂಗು, ತೊಗರಿಬೇಳೆ ಬೇಕೆಂದರೆ ಶಿಕಾಗೋದ ಡೆವನ್ ಅವೆನ್ಯೂಗೆ ಐದು ಗಂಟೆ ಡ್ರೈವ್ ಮಾಡಬೇಕಿತ್ತು. ಅಲ್ಲಿಗೆ ಹೋದಾಗ ಒಬ್ಬ ಗೆಳತಿಯ ಮನೆಯಲ್ಲಿ ಉಳಿಯುತ್ತಿದ್ದೆವು. ಅವಳು ಕೆರಿಬಿಯನ್ ಹಡಗು ಪ್ರವಾಸ ಮುಗಿಸಿ ಬಂದವಳು ಗೋಡೆಗೆ ಬೆಡ್‌ಶೀಟ್ ಕಟ್ಟಿ ನಮಗೆ ಎರಡು ಗಂಟೆ ಸ್ಲೈಡ್ ತೋರಿಸಿದಳು. ಪ್ರತಿ ಬಂದರಿಗೂ ಅಂಕ.

"ಈ ಊರಿಗೆ ಒಂಬತ್ತು ಕಣೇ. ಒಂದು ಯಾಕೆ ಕಳೆದೆ ಹೇಳು? ಕಾಫಿ ಸರಿಯಿರ್ಲಿಲ್ಲ."

"ನಿಮ್ಮನೆ ಕಾಫಿಗೆ ಎಷ್ಟು ಕೊಡ್ತೀಯ?" ಎಂದೆ ನಾನು.

ಬಾಯಿ ಹಾಗಂದರೂ ಹೊಟ್ಟೆಯಲ್ಲಿ ಉರಿ. ವಾಪಸ್ ಬರುವ ದಾರಿಯುದ್ದಕ್ಕೂ ಗಂಡನ ಜೀವ ತಿಂದೆ. ಫೆಬ್ರವರಿಯಲ್ಲಿ ಒಂದು ವಾರ ರಜೆ ಹಾಕಿದರು. ಆ ವರ್ಷಕ್ಕೆ ಅವರಿಗೆ ಉಳಿದಿದ್ದ ರಜೆಯೂ ಅಷ್ಟೇ.

ಹೊರಡುವ ಶನಿವಾರ ಬೆಳಿಗ್ಗೆ ಅವರು ಹೊರಗೆ ಕಾರಿನ ಮೇಲಿನ ಹಿಮ ಕೆರೆಯುತ್ತಿದ್ದರು. ಫೋನು ಬಂತು. ತಂತಿ ಕಚೇರಿಯ ಹುಡುಗಿ ಓದಿ ಹೇಳಿದಳು: "ಮದರ್ ಸೀರಿಯಸ್. ಸ್ಟಾರ್ಟ್ ಇಮ್ಮೀಡಿಯೆಟ್ಲಿ." ಮೈಸೂರಿನಿಂದ ಮೈದುನ ಕಳಿಸಿದ್ದ. ಪ್ರತಿಯನ್ನು ಅಂಚೆಯಲ್ಲಿ ಕಳಿಸಲೇ ಎಂದು ಆಕೆ ಕೇಳಿದಳು. ಬೇಡ ಎಂದೆ.

ನಮ್ಮವರ ತಂತಿಯಲ್ಲಿ 'ಸೀರಿಯಸ್' ಎಂಬ ಮಾತಿಗೆ ನೆಲೆಯಿಲ್ಲ. ದೂರದಲ್ಲಿರುವ ಮಗನ ಎದೆ ಒಡೆಯಬಾರದೆಂದು, ಸತ್ತಿದ್ದರೂ ಮೊದಲು ಹಾಗೇ ಬರೆಯುತ್ತಾರೆ. ಜ್ವರಕ್ಕೂ ಬರೆಯುತ್ತಾರೆ. ಎರಡು ವರ್ಷದ ಹಿಂದೆ ಇದೇ ಮಾತುಗಳ ತಂತಿ ಬಂದಿತ್ತು. ನನ್ನ ಗಂಡ ಸಾಲ ಮಾಡಿ, ಅಳುತ್ತಾ ವಿಮಾನ ಹತ್ತಿ ಹೋದರೆ, ನಮ್ಮತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಅವರೆಕಾಳು ಹಿತುಕುತ್ತಾ ಕೂತಿದ್ದರಂತೆ. "ಸುಮ್ನೆ ನಿನ್ನ ನೋಡ್ಬೇಕು ಅನ್ನಿಸ್ತು ಕಣೋ, ಅದಕ್ಕೇ ಕೊಡಿಸ್ದೆ" ಅಂದರಂತೆ. ಆ ಕಥೆಯನ್ನು ಅತ್ತೆಯ ದನಿಯಲ್ಲೇ ಹೇಳಿ ನಾನು ಎಷ್ಟು ಮನೆಗಳಲ್ಲಿ ನಗಿಸಿದ್ದೇನೋ.

ಈ ಸಲವೂ ಅವರೆಕಾಳೇ ಎಂದುಕೊಂಡೆ. ಅಥವಾ ಹಾಗೆ ಅಂದುಕೊಳ್ಳುವುದು ನನಗೆ ಬೇಕಾಗಿತ್ತು.

ಅವರು ಬೂಟಿನ ಹಿಮ ಕೊಡವುತ್ತಾ ಒಳಗೆ ಬಂದರು. "ಯಾರೇ ಫೋನು?"

"ಶಿಕಾಗೋದೋಳು ಕಣ್ರೀ. ಅಲ್ಲಿ ಸ್ವೆಟರ್ ಬೇಡ್ವಂತೆ, ಹೊರೆ ಹೊರಬೇಡ ಅಂದ್ಲು."

ಎಷ್ಟು ಸಲೀಸಾಗಿ ಬಂತು ಸುಳ್ಳು!

ವಿಮಾನದಲ್ಲಿ ಮಯಾಮಿಗೆ ಹೋಗಿ ಅವತ್ತೇ ಹಡಗು ಹತ್ತಿದೆವು. ನಮ್ಮ ಕೋಣೆಗೆ ಕಿಟಕಿಯಿಲ್ಲ, ಅದಕ್ಕೆ ಎರಡು ಅಂಕ ಕಳೆದೆ. ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ಮೂರು ಹೊತ್ತೂ ಬೇಯಿಸಿದ ಕ್ಯಾರೆಟ್ಟು, ಬಟಾಣಿ, ಅದಕ್ಕೆ ಇನ್ನೆರಡು. ನನ್ನ ಗಂಡನನ್ನು ಮಾತ್ರ ನಾನು ಹಾಗೆ ಕಂಡೇ ಇರಲಿಲ್ಲ. ಗಿಳಿ ಚಿತ್ರದ ಅಂಗಿ ಹಾಕಿಕೊಂಡು, ಬೆಳಿಗ್ಗೆ ಸಂಜೆ ಗಡ್ಡ ಹೆರೆದುಕೊಂಡು, ಊಟದ ಮೇಲೆ ಎರಡೆರಡು ಐಸ್‌ಕ್ರೀಮ್. ನನಗೆ ಲೆಕ್ಕ ಶುರುವಾಯಿತು. ಅತ್ತೆ ಹೋಗಿದ್ದರೆ ಇವರಿಗೆ ಸೂತಕ. ಹಿರಿಯ ಮಗ ಗಡ್ಡ ತೆಗೆಯುವ ಹಾಗಿಲ್ಲ, ಸಿಹಿ ಮುಟ್ಟುವ ಹಾಗಿಲ್ಲ. ಅವರು ಚಮಚ ಎತ್ತಿದಾಗಲೆಲ್ಲ ನಾನು ತಟ್ಟೆಯ ಬಟಾಣಿ ಎಣಿಸುತ್ತಿದ್ದೆ.

"ಮುಂದಿನ ಸಲ ಅಮ್ಮನ್ನ ಕರ್ಕೊಂಡು ಬರೋಣ ಕಣೇ," ಎಂದರು, ಕಟಕಟೆ ಹಿಡಿದು ನೀರು ನೋಡುತ್ತಾ. "ಪಾಪ, ಅವಳು ಸಮುದ್ರಾನೇ ನೋಡಿಲ್ಲ."

"ನಿಮ್ಮಮ್ಮ ಬಂದ್ರೆ ಹಡಗಿನ ಅಡುಗೆಯೋನ್ನ ಎಬ್ಬಿಸಿ ತಾವೇ ಸಾರು ಮಾಡ್ತಾರೆ" ಎಂದೆ. ನಕ್ಕರು. ನಾನೂ ನಕ್ಕೆ.

ನಸ್ಸಾವ್‌ನಲ್ಲಿ ಬೀದಿಯಂಚಿನಲ್ಲಿ ಒಬ್ಬ ಹೆಂಗಸು ಶಂಖ ಹರವಿಕೊಂಡು ಕೂತಿದ್ದಳು. ಒಳಗೆಲ್ಲ ಗುಲಾಬಿ ಬಣ್ಣ, ತೆಂಗಿನಕಾಯಿಗಿಂತ ದಪ್ಪ. ನನ್ನ ಗಂಡ ಅಮ್ಮನ ದೇವರ ಮನೆಗೆಂದು ಬಲಮುರಿ ಶಂಖ ಹುಡುಕುತ್ತಾ ಬಿಸಿಲಲ್ಲಿ ಒಂದು ಗಂಟೆ ಎಲ್ಲವನ್ನೂ ತಿರುಗಿಸಿ ತಿರುಗಿಸಿ ನೋಡಿದರು. ಆಕೆಗೆ ಬಲಮುರಿಯೂ ಒಂದೇ, ಎಡಮುರಿಯೂ ಒಂದೇ. ಕೊನೆಗೆ ತುದಿ ಕತ್ತರಿಸಿದ, ಊದಲು ಬರುವಂಥದ್ದೊಂದನ್ನು ಕೊಟ್ಟು, "ಇದನ್ನ ನಿನ್ನ ಹೆಂಡ್ತಿಗೆ ಕೊಡು, ಬೈಯೋಕೆ ಅನುಕೂಲ" ಅಂದಳು. ನನಗೆ ನಗು ಬರಲಿಲ್ಲ. ಊರಿಗೆ ನಾಲ್ಕು ಅಂಕ ಎಂದು ಚೀಟಿಯಲ್ಲಿ ಬರೆದುಕೊಂಡೆ.

ಮಂಗಳವಾರ ಪೂರ್ತಿ ನೀರಿನ ಮೇಲೆ. ತಿಂಡಿ ಮುಗಿಸಿ ಡೆಕ್ಕಿನ ಮೇಲೆ ನಿಂತು ಅವರು ಆ ಶಂಖ ಊದಲು ನೋಡಿದರು. ಮೊದಲು ಬರೀ ಗಾಳಿ. ಆಮೇಲೆ ಒಮ್ಮೆಗೇ ದನಿ ಹೊರಟಿತು, ಉದ್ದಕ್ಕೆ. ಸುತ್ತ ಕುರ್ಚಿ ಹಾಕಿಕೊಂಡಿದ್ದವರು ಚಪ್ಪಾಳೆ ತಟ್ಟಿದರು. ಅವರು ಉಬ್ಬಿಹೋಗಿ ಮತ್ತೆ ಊದಿದರು.

ನಮ್ಮ ಕಡೆ ಹೆಣದ ಮುಂದೆ ದಾಸಯ್ಯ ಶಂಖ ಊದಿಕೊಂಡು ಹೋಗುತ್ತಾನೆ. ನಮ್ಮ ಬೀದಿಯಲ್ಲಿ ಆ ದನಿ ಕೇಳಿದರೆ ಅಡುಗೆಮನೆಯಲ್ಲಿದ್ದವರು ಕೈ ನಿಲ್ಲಿಸಿ "ಯಾರು ಹೋದ್ರು?" ಎಂದು ಕೇಳುತ್ತಿದ್ದರು.

"ಊದಬೇಡಿ" ಎಂದೆ.

"ಯಾಕೇ? ಚೆನ್ನಾಗ್ ಬಂತಲ್ಲ!"

"ಊದಬೇಡೀಂದ್ರೆ! ತಂತಿ ಬಂದಿತ್ತು."

ಅವರು ಶಂಖವನ್ನು ಕೆಳಗಿಳಿಸಿದರು. ಎಲ್ಲ ಹೇಳಿದೆ. ಕೂಗುತ್ತಾರೆ, ಒಂದು ಏಟಾದರೂ ಕೊಡುತ್ತಾರೆ ಎಂದು ಕಾಯುತ್ತಾ ನಿಂತೆ.

"ಯಾವತ್ತು ಬಂತು?"

"ಹೊರಟ ದಿನ. ನೀವು ಹಿಮ ಕೆರೀತಿದ್ರಿ."

ಬೆರಳಲ್ಲಿ ಎಣಿಸಿದರು. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ. "ಅವತ್ತೇ ಹೊರಟಿದ್ರೆ ಇವತ್ತು ಮೈಸೂರಲ್ಲಿರ್ತಿದ್ದೆ" ಎಂದರು.

ಮರುದಿನ ಸ್ಯಾನ್ ವಾನ್. ಆ ಊರಿನಲ್ಲಿ ಕೋಟೆಯಿದೆ, ನೀಲಿ ಕಲ್ಲು ಹಾಸಿದ ಬೀದಿಗಳಿವೆ ಎನ್ನುತ್ತಾರೆ. ನಾವು ನೋಡಿದ್ದು ಒಂದು ಟೆಲಿಫೋನ್ ಕಚೇರಿ, ಒಂದು ಏರ್‌ಲೈನ್ ಕಚೇರಿ. ಶುಕ್ರವಾರದವರೆಗೆ ವಿಮಾನದಲ್ಲಿ ಸೀಟಿಲ್ಲ. ಹಡಗಿಗೆ ಗ್ರೀನ್ ಕಾರ್ಡ್ ಸಾಕೆಂದು ಪಾಸ್‌ಪೋರ್ಟ್ ಬೇರೆ ವಿಕ್ಸಮ್‌ನ ಬೀರುವಿನಲ್ಲೇ ಬಿಟ್ಟು ಬಂದಿದ್ದೆವು. ಮೈದುನನ ಮನೆಯಲ್ಲಿ ಫೋನಿರಲಿಲ್ಲ. ಅವನ ಬೀದಿ ಕೊನೆಯ ಔಷಧಿ ಅಂಗಡಿಗೆ ಕರೆ ಬುಕ್ ಮಾಡಿ, ಮರದ ಬೆಂಚಿನ ಮೇಲೆ ಐದು ಗಂಟೆ ಕೂತೆವು. ಲೈನು ಸಿಗಲಿಲ್ಲ.

"ಒಂದು ತಂತಿನಾದ್ರೂ ಕೊಡಿ" ಎಂದೆ.

"ಏನಂತ ಕೊಡ್ಲಿ? ಇದೀಯಾ ಅಮ್ಮಾ ಅಂತ ಕೇಳ್ಲಾ?"

ಸೇಂಟ್ ಥಾಮಸ್‌ನಲ್ಲಿ ಅವರು ಕೋಣೆ ಬಿಟ್ಟು ಬರಲಿಲ್ಲ. ನಾನು ಬಾಗಿಲ ಹೊರಗೆ ಓಣಿಯ ಕಾರ್ಪೆಟ್ಟಿನ ಮೇಲೆ ಕೂತಿದ್ದೆ. ಪ್ರವಾಸಿಗಳು ಹ್ಯಾಟು, ಬುಟ್ಟಿ ಹಿಡಿದುಕೊಂಡು ನನ್ನನ್ನು ದಾಟಿಕೊಂಡು ಹೋದರು, ಬಂದರು.

ಶನಿವಾರ ಮನೆಗೆ ಬಂದಾಗ ಟಪಾಲು ಡಬ್ಬಿಯಲ್ಲಿ ಎರಡನೆಯ ತಂತಿಯಿತ್ತು. ಫೋನ್ ಎತ್ತುವವರಿಲ್ಲವೆಂದು ಅಂಚೆಯಲ್ಲಿ ಹಾಕಿದ್ದರು. ಅತ್ತೆ ಗುರುವಾರ ತೀರಿಕೊಂಡಿದ್ದರು. ಗುರುವಾರ! ಮೊದಲ ತಂತಿ ಬಂದಾಗ ಅವರು ಇದ್ದರು. ಅದೊಂದು ಸಲ 'ಸೀರಿಯಸ್' ಎಂದರೆ ಸೀರಿಯಸ್ ಎಂದೇ ಅರ್ಥವಾಗಿತ್ತು.

ಹೋಗಲು ರಜೆ ಉಳಿದಿರಲಿಲ್ಲ; ಉತ್ತರಕ್ರಿಯೆಯನ್ನೆಲ್ಲ ಮೈದುನನೇ ಮಾಡಿದ. ನನ್ನ ಗಂಡ ಬಚ್ಚಲಲ್ಲಿ ತಾವೇ ತಲೆ ಬೋಳಿಸಿಕೊಂಡರು. ಹಿಂದೆ ಕುತ್ತಿಗೆಯ ಹತ್ತಿರ ಕೈಗೆಟುಕದೆ ಗಾಯವಾಗಿತ್ತು. ನನ್ನನ್ನು ಕರೆಯಲಿಲ್ಲ. ಸೋಮವಾರ ಉಣ್ಣೆ ಟೋಪಿ ಹಾಕಿಕೊಂಡು ಕೆಲಸಕ್ಕೆ ಹೋದರು.

ಎರಡು ವಾರದ ಮೇಲೆ ಮೈದುನನ ಕಾಗದ ಬಂತು. "ಅಮ್ಮ ಐದು ದಿನ ಬಾಗಿಲನ್ನೇ ನೋಡುತ್ತಿದ್ದಳು. ಆಟೋ ಸದ್ದಾದರೆ ನೀನೇ ಬಂದೆ ಅನ್ನುತ್ತಿದ್ದಳು. ತಂತಿ ತಲುಪಲಿಲ್ಲವೇ ಅಣ್ಣಾ?"

ಭಾನುವಾರ ಊಟದ ಮೇಜಿನ ಮೇಲೆ ಏರೋಗ್ರಾಮ್ ಹರಡಿಕೊಂಡು ಅವರು ಉತ್ತರ ಬರೆದರು. ಅಂಟಿಸದೆ ನನ್ನ ಮುಂದೆ ಇಟ್ಟರು. ಓದಿದೆ. "ನಾವು ಊರಲ್ಲಿರಲಿಲ್ಲ. ಹಿಂದಿರುಗಿದಾಗ ಎರಡೂ ತಂತಿ ಒಟ್ಟಿಗೇ ಸಿಕ್ಕವು. ತಪ್ಪು ಯಾರದ್ದೂ ಅಲ್ಲ."

"ನಿಜ ಬರೀಬಹುದಿತ್ತಲ್ರೀ."

"ಬರೆದ್ರೆ ಆ ಮನೆ ಹೊಸ್ತಿಲು ನೀನು ಹೇಗೆ ತುಳೀತೀಯ?" ಎದ್ದು ತಟ್ಟೆ ತೊಳೆಯಲು ಹೋದರು. ನಲ್ಲಿಯ ಸದ್ದಿನ ನಡುವೆ ಹೇಳಿದರು: "ನನ್ನ ಹತ್ರ ಮಾತ್ರ ಯಾವತ್ತೂ ಕ್ಷಮೆ ಕೇಳ್ಬೇಡ ಕಣೇ. ಇಲ್ಲ ಅನ್ನೋಕೂ ಆಗಲ್ಲ, ಹೂಂ ಅನ್ನೋಕೂ ಆಗಲ್ಲ."

ಏರೋಗ್ರಾಮಿನ ಅಂಟನ್ನು ನಾನೇ ನಾಲಿಗೆಯಲ್ಲಿ ಒದ್ದೆ ಮಾಡಿ ಮುಚ್ಚಿದೆ. ಟಪಾಲಿಗೆ ನಾನೇ ಹಾಕಿದೆ. ಅವರು ಹೇಳಿದ ಹಾಗೆ ಕ್ಷಮೆ ಕೇಳಲಿಲ್ಲ, ಅವರು ಹೋಗುವವರೆಗೂ.

ಮೈದುನ ಕೊನೆಯವರೆಗೂ ಆ ಕಾಗದವನ್ನು ನಂಬಿದ್ದ. ನಾವು ಮೈಸೂರಿಗೆ ಹೋದಾಗಲೆಲ್ಲ ಊಟಕ್ಕೆ ಕೂತವನು ಪಕ್ಕದವರಿಗೆ ಹೇಳುತ್ತಿದ್ದ: "ಅಮೆರಿಕ ಅಂತಾರೆ, ಚಂದ್ರನ ಮೇಲೆ ಹೋಗ್ತಾರೆ, ಒಂದು ತಂತಿ ಸರಿಯಾಗಿ ಮುಟ್ಸೋಕೆ ಬರಲ್ಲ. ಅಲ್ವೇ ಅತ್ತಿಗೆ?"

"ಹೂಂ ಕಣಪ್ಪ" ಎಂದು ನಾನು ಅವನ ಎಲೆಗೆ ಇನ್ನೊಂದು ಸೌಟು ಬಡಿಸುತ್ತಿದ್ದೆ. ನನ್ನ ಗಂಡ ತಲೆ ಎತ್ತದೆ ಅನ್ನ ಕಲಸುತ್ತಿದ್ದರು.