ಉಲ್ಕೆಯೋ ಮಿಡತೆಯೋ

ಫೋನಿನ ಪರದೆಯ ಮೇಲೆ ಸೇತುವೆಯೊಂದು ಕುಸಿಯುತ್ತಿತ್ತು. ಕೇಪಕ್ಕ ಅದರತ್ತ ಗಮನ ಕೊಡಲಿಲ್ಲ. ಫೋನನ್ನು ದಾರದ ಡಬ್ಬಕ್ಕೆ ಒರಗಿಸಿ, ಸದ್ದು ಪೂರ್ತಿ ಇಳಿಸಿ, ಆಕೆ ಟ್ರೈಲರನ್ನು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದಳು. ಆಕೆಗೆ ಬೇಕಿದ್ದುದು ನಾಯಕನ ಬೆನ್ನು. ಬೆನ್ನ ಹಿಂದೆ ಇಳಿಬಿಟ್ಟ ಕೇಪು ಭುಜಕ್ಕೆ ಎಲ್ಲಿ ಕೂಡುತ್ತದೆ, ನಡುವೆ ಹೊಲಿಗೆ ಇದೆಯೋ ಇಲ್ಲವೋ, ಅಂಚು ನೇರವೋ ಓರೆಯೋ, ಇಷ್ಟು ತಿಳಿದರೆ ಸಾಕು. ನಾಯಕ ಮಾತ್ರ ಎದುರು ಮುಖವಾಗಿಯೇ ಹಾರುತ್ತಿದ್ದ.

"ಒಂದು ಸಲ ಆ ಕಡೆ ತಿರುಗಿದ್ರೆ ಇವನ ಅಪ್ಪನ ಗಂಟೇನು ಹೋಗುತ್ತೆ?" ಎಂದು ಆಕೆ ಗೊಣಗಿದಳು.

ಮಕ್ಕಳಿಗೆ ಸೂಪರ್‌ಹೀರೋ ಉಡುಪು ಹೊಲಿಯುವುದು ಆಕೆಯ ಕಸುಬು. ಕೇಪಕ್ಕ ಎಂಬ ಹೆಸರು ಬೀದಿಯ ಮಕ್ಕಳು ಇಟ್ಟದ್ದು. ಈಗ ಕರೆಂಟ್ ಬಿಲ್ ತರುವವನೂ ಹಾಗೆಯೇ ಕೂಗುತ್ತಾನೆ. ಮನೆಯ ಮುಂದಿನ ಕೋಣೆಯಲ್ಲಿ ಎರಡು ಹೊಲಿಗೆ ಮಿಷನ್, ಬಟ್ಟೆ ಕತ್ತರಿಸುವ ಮೇಜು, ಬಾಗಿಲ ಹಿಂದೆ ಎಲಾಸ್ಟಿಕ್ ಸುರುಳಿಗಳು. ಈ ಕಸುಬಿನ ಕಷ್ಟವೆಂದರೆ, ಬಟ್ಟೆಯನ್ನು ಸಿನಿಮಾ ಬರುವ ಮೊದಲೇ ಕತ್ತರಿಸಿಡಬೇಕು. ಸಿನಿಮಾ ಓಡಿದರೆ ಉಡುಪು ಸಾಲದೆ ತಾಯಂದಿರ ಕೈಲಿ ಬೈಸಿಕೊಳ್ಳಬೇಕು. ಬಿದ್ದರೆ ಅದೇ ಉಡುಪು ಅಡುಗೆಮನೆಯಲ್ಲಿ ಕೈ ಒರೆಸುವ ಬಟ್ಟೆ. ನಿರ್ಮಾಪಕರಿಗಿರುವ ಚಿಂತೆಯೇ ಕೇಪಕ್ಕನದೂ. ಕೋಟಿಗಳು ಮಾತ್ರ ಇಲ್ಲ.

ಆ ರಜೆಗೆ ಎರಡು ಸಿನಿಮಾಗಳು ಒಂದೇ ಶುಕ್ರವಾರ ಬರುವುದಿತ್ತು. ಒಂದು 'ಉಲ್ಕೆ' ಸರಣಿಯ ಐದನೇ ಭಾಗ. ಉಲ್ಕೆಯದು ಕಿತ್ತಳೆ ಬಣ್ಣದ ಉಡುಪು. ಮೊದಲ ಮೂರು ಭಾಗ ಭರ್ಜರಿಯಾಗಿ ಓಡಿ ನಾಲ್ಕನೆಯದು ಮಕಾಡೆ ಮಲಗಿತ್ತು. ಇನ್ನೊಂದು 'ಮಿಡತೆ'ಯ ಎರಡನೇ ಭಾಗ. ಹಸಿರು ಉಡುಪು, ಬೆನ್ನಿಗೆ ರೆಕ್ಕೆ. ಅದರ ಮೊದಲ ಭಾಗ ಯಾರೂ ಎಣಿಸದಷ್ಟು ದುಡ್ಡು ಮಾಡಿತ್ತು. ಜನರಿಗೆ ಹಾರುವವರನ್ನು ನೋಡಿ ಸಾಕಾಗಿದೆ, ಇನ್ನು ಹಳೆಯ ಸರಣಿಗಳು ಏಳುವುದಿಲ್ಲ, ಹೊಸಬನಾದ್ದರಿಂದ ಮಿಡತೆ ಒಬ್ಬನೇ ಉಳಿದಾನು ಎಂದು ಸಿನಿಮಾ ಬಲ್ಲವರು ಹೇಳುತ್ತಿದ್ದರು.

ಕೇಪಕ್ಕನ ಅಳತೆಯೇ ಬೇರೆ. ಸಿನಿಮಾಕ್ಕೆ ಮುಂಚೆ ಮಕ್ಕಳ ಹಳೆಯ ಉಡುಪುಗಳು ರಿಪೇರಿಗೆ ಬರುತ್ತವೆ. ಮಗು ಬೆಳೆದಿರುತ್ತದೆ, ಮಡಿಕೆ ಬಿಚ್ಚಿ ಉದ್ದ ಮಾಡಿಕೊಡಿ ಎಂದು ತಾಯಿ ಕೇಳುತ್ತಾಳೆ. ಯಾರ ಉಡುಪು ಹಾಗೆ ಮತ್ತೆ ಮತ್ತೆ ಬರುತ್ತದೋ ಅವನಿಗೆ ಮಕ್ಕಳಲ್ಲಿ ಇನ್ನೂ ಉಸಿರಿದೆ ಎಂದರ್ಥ. ಈ ಸಲ ಮೇಜಿನ ಕೆಳಗಿನ ಬುಟ್ಟಿಯ ತುಂಬ ಕಿತ್ತಳೆಯೇ. ಮಿಡತೆಯ ಉಡುಪು ಒಂದೂ ಬಂದಿರಲಿಲ್ಲ. ಅದನ್ನು ನೋಡಿಯೇ ಆಕೆ ಬಟ್ಟೆ ಅಂಗಡಿಯಲ್ಲಿ ಕಿತ್ತಳೆ ಸ್ಯಾಟಿನ್ ಎತ್ತಿಡಲು ಹೇಳಿ ಬಂದಿದ್ದಳು.

ಉಡುಪು ಮಾರಾಟವಾಗುವುದು ಸಿನಿಮಾ ಮಂದಿರದ ಎದುರಿನ ಬಲೂನು ಅಂಗಡಿಯಲ್ಲಿ. ಇಷ್ಟು ದಿನ ಅಲ್ಲಿ ಎರಡು ಸ್ಟ್ಯಾಂಡುಗಳಿದ್ದವು. ಒಂದರಲ್ಲಿ ಕೇಪಕ್ಕನ ಉಡುಪುಗಳು, ಇನ್ನೊಂದರಲ್ಲಿ ಆಕೆಯ ಗಂಡನ ತಮ್ಮನ ಹೆಂಡತಿ ಹೊಲಿದವು. ಈ ವರ್ಷ ಅಂಗಡಿಯವರು ಒಂದನ್ನು ತೆಗೆಸಿ ಐಸ್‌ಕ್ರೀಂ ಪೆಟ್ಟಿಗೆ ಇಟ್ಟುಕೊಂಡಿದ್ದರು. "ಮುಂದಿನ ವರ್ಷದಿಂದ ಒಬ್ಬರದನ್ನೇ ಇಟ್ಕೋತೀನಿ, ಈ ಸಲ ಮಾತ್ರ ಇಬ್ಬರದೂ ಇದೊಂದರಲ್ಲೇ. ಈ ಸಲ ಯಾರ ಮಾಲು ಓಡುತ್ತೋ, ಇನ್ನು ಮುಂದೆ ಜಾಗ ಅವರಿಗೆ," ಎಂದು ಹೇಳಿಬಿಟ್ಟಿದ್ದರು.

ಓರಗಿತ್ತಿಗೆ ಹೊಲಿಗೆ ಕಲಿಸಿದ್ದು ಕೇಪಕ್ಕನೇ. ಮದುವೆಯಾಗಿ ಬಂದ ಹೊಸತರಲ್ಲಿ ಆ ಹುಡುಗಿಗೆ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಈಗ ಪಕ್ಕದ ಬೀದಿಯಲ್ಲಿ ಸ್ವಂತ ಮಿಷನ್, ಸ್ವಂತ ಗಿರಾಕಿ. ನಾಲ್ಕನೇ ಉಲ್ಕೆ ಬಂದ ವರ್ಷ ಕೇಪಕ್ಕ ಮನೆ ತುಂಬ ಕಿತ್ತಳೆ ಹೊಲಿದು ಕೂತಿದ್ದಾಗ, ಯಾರೂ ಹೆಸರು ಕೇಳಿರದ ಮಿಡತೆಯನ್ನು ನಂಬಿ ಹಸಿರು ಕತ್ತರಿಸಿದವಳು ಓರಗಿತ್ತಿ. ಆಕೆಯ ಸ್ಟ್ಯಾಂಡು ಮೂರೇ ದಿನದಲ್ಲಿ ಖಾಲಿಯಾಗಿತ್ತು. ಯಾರಾದರೂ ಆ ಮಾತೆತ್ತಿದರೆ ಕೇಪಕ್ಕ, "ಹೌದು, ಪಾಪ, ತುಂಬ ಕಷ್ಟಪಡ್ತಾಳೆ," ಎನ್ನುತ್ತಾಳೆ. ಆ 'ಪಾಪ'ದಲ್ಲಿ ಪಾಪ ಎನ್ನುವಂಥದ್ದು ಏನೂ ಇರುವುದಿಲ್ಲ.

ಅತ್ತೆ ಮಧ್ಯಾಹ್ನ ಊಟಕ್ಕೆ ಕಿರಿಯ ಸೊಸೆಯ ಮನೆಗೆ ಹೋಗುತ್ತಾರೆ, ರಾತ್ರಿಗೆ ಹಿರಿಯವಳ ಮನೆಗೆ ಬರುತ್ತಾರೆ. ಸುದ್ದಿಯೂ ಅವರ ಜೊತೆಗೇ ಓಡಾಡುತ್ತದೆ. ಆ ದಿನ ಬಂದವರು ಕುರ್ಚಿಯಲ್ಲಿ ಕುಳಿತು ಉಸ್ಸೆಂದರು.

"ಕೂರೋಕೆ ಜಾಗ ಇಲ್ಲ ಕಣೇ ಅಲ್ಲಿ. ಮನೆ ತುಂಬ ಬಟ್ಟೆ. ಮಂಚದ ಮೇಲೂ ಬಟ್ಟೆ."

ಕೇಪಕ್ಕ ಮಿಷನ್ ತುಳಿಯುವುದನ್ನು ಬಿಡಲಿಲ್ಲ. ಬಿಟ್ಟರೆ ಆಸೆಪಟ್ಟು ಕೇಳಿಸಿಕೊಂಡಂತಾಗುತ್ತದೆ. "ಯಾವ ಬಣ್ಣ ಅತ್ತೆ?"

"ಹಸಿರು."

ಮಿಷನ್ ನಿಂತಿತು. "ಬರೀ ಹಸಿರಾ? ಕಿತ್ತಳೆ ಇಲ್ವಾ?"

"ಹಸಿರು ಬಿಟ್ರೆ ಇನ್ನೇನೂ ಇಲ್ಲ. ಇಬ್ಬರು ಹೆಂಗಸರನ್ನ ಬೇರೆ ಕೆಲಸಕ್ಕೆ ಇಟ್ಕೊಂಡಿದಾಳೆ."

"ಎಂಥ ಹಸಿರು? ಹೊಳೆಯೋದಾ, ಮಂಕಾದದ್ದಾ?"

"ಹಸಿರು ಅಂದ್ರೆ ಹಸಿರು. ಕಣ್ಣಿಗೆ ಪೊರೆ ಬಂದಿರೋವಾಗ ಹೊಳಪು ಎಲ್ಲಿ ಹುಡುಕ್ಲಿ? ಅಷ್ಟು ಬೇಕಿದ್ರೆ ನೀನೇ ಹೋಗಿ ನೋಡು."

"ಅವಳ ಉಸಾಬರಿ ನನಗ್ಯಾಕೆ?"

"ಏನೇ ಹೇಳು, ಅವಳ ಕಣ್ಣೇ ಕಣ್ಣು," ಎಂದರು ಅತ್ತೆ. "ಹೋದ ಸಲ ಮಿಡತೆ ಓಡುತ್ತೆ ಅಂತ ಯಾರಾದ್ರೂ ಕನಸು ಕಂಡಿದ್ರಾ?"

ಆ ಸಂಜೆ ಕೇಪಕ್ಕ ಪಲ್ಯ ಸೀದುಹೋಗುವವರೆಗೂ ಒಲೆಯ ಮುಂದೆ ನಿಂತಿದ್ದಳು. ಇಬ್ಬರು ಹೆಂಗಸರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕಾದರೆ ಅವಳಿಗೆ ಎಷ್ಟು ಧೈರ್ಯವಿರಬೇಕು. ಎಲ್ಲಿಂದಲೋ ಏನೋ ಒಳಸುದ್ದಿ ಸಿಕ್ಕಿರಬೇಕು. ಮೇಜಿನ ಕೆಳಗಿನ ಕಿತ್ತಳೆ ಬುಟ್ಟಿ ಕಣ್ಣಿಗೆ ಬಿದ್ದರೂ ಆಕೆಗೆ ಅದು ಸಾಕ್ಷಿಯಾಗಿ ಕಾಣಲಿಲ್ಲ. ಹಳೆಯ ಬಟ್ಟೆಯಾಗಿ ಕಂಡಿತು.

ಮರುದಿನ ಬಟ್ಟೆ ಅಂಗಡಿಯ ಯಜಮಾನರು ಆಕೆಯನ್ನು ಕಂಡದ್ದೇ ಕಿತ್ತಳೆ ಥಾನುಗಳನ್ನು ಕೆಳಗಿಳಿಸಿದರು.

"ಅದು ಬೇಡ. ಹಸಿರು ಸ್ಯಾಟಿನ್ ಕೊಡಿ, ಇರೋದಷ್ಟೂ."

"ಯಾಕಮ್ಮ, ಉಲ್ಕೆ ಓಡಲ್ವಾ?"

"ಐದನೇ ಸಲ ಅದೇ ಮುಖ ಯಾರು ನೋಡ್ತಾರೆ?"

"ಹೋದ ವಾರ ನೀವೇ ಅಂದ್ರಿ, ಮಕ್ಕಳು ಬಿಡಲ್ಲ ಅಂತ."

"ಹೋದ ವಾರದ ಮಾತು ಹೋದ ವಾರಕ್ಕೆ."

ಯಜಮಾನರು ಹಸಿರನ್ನು ಅಳೆಯುತ್ತ, ಕಿತ್ತಳೆಗೆ ಹೊರ ಊರಿನವರೊಬ್ಬರು ಕೇಳಿದ್ದಾರೆ, ಕೊಟ್ಟುಬಿಡಲೇ ಎಂದರು. ಕೊಡಿ ಎಂದಳು. ಹಣ ಕೊಟ್ಟು ಹೊರಡುವಾಗ, ಚೀಲ ಸರಿಮಾಡಿಕೊಳ್ಳುವವಳಂತೆ ನಿಂತು ಕೇಳಿದಳು: "ನಮ್ಮ ಚಿಕ್ಕವಳು ಬಂದಿದ್ಲಾ?"

"ಈ ಸಲ ಈ ಕಡೆ ತಲೇನೇ ಹಾಕಿಲ್ಲ."

ಕೇಪಕ್ಕನಿಗೆ ಅದೂ ಚುಚ್ಚಿತು. ಸುಳಿವು ಸಿಗಬಾರದೆಂದು ಬೇರೆಲ್ಲಿಂದಲೋ ತರಿಸಿಕೊಂಡಿದ್ದಾಳೆ ಕಳ್ಳಿ ಎಂದುಕೊಂಡಳು.

ಮುಂದಿನ ವಾರಗಳಲ್ಲಿ ಆಕೆ ಕದ ಹಾಕಿಕೊಂಡು ಹೊಲಿದಳು. ರಾತ್ರಿ ಅತ್ತೆ ಬರುವ ಹೊತ್ತಿಗೆ ಹಸಿರನ್ನೆಲ್ಲ ಮೂಟೆ ಕಟ್ಟಿ ಮುಚ್ಚಿಡುತ್ತಿದ್ದಳು. ರೆಕ್ಕೆಗೆ ತಂತಿ ಸೇರಿಸುವುದು ಹಿಂಸೆಯ ಕೆಲಸ. ಬೆರಳುಗಳಿಗೆ ಪಟ್ಟಿ ಸುತ್ತಿಕೊಂಡಳು. ನಡುನಡುವೆ ತಾಯಂದಿರು ಬರುತ್ತಲೇ ಇದ್ದರು. "ಇವನಿಗೆ ಉಲ್ಕೆನೇ ಬೇಕಂತೆ ಕೇಪಕ್ಕ, ಎರಡು ಬೆರಳು ಉದ್ದ ಮಾಡಿಕೊಡಿ." ಆಕೆ ತಲೆ ಎತ್ತದೆ ಈಸಿಕೊಂಡು ಬುಟ್ಟಿಗೆ ಎಸೆಯುತ್ತಿದ್ದಳು.

ಸಿನಿಮಾ ಬರುವ ಹಿಂದಿನ ದಿನ ಆಕೆಯ ಗಂಡ ಮೂಟೆಗಳನ್ನು ಸ್ಕೂಟರಿನಲ್ಲಿ ಬಲೂನು ಅಂಗಡಿಗೆ ಸಾಗಿಸಿದ. ಅಂಗಡಿಯವರು ಒಂದೊಂದೇ ತೆಗೆದು ನೇತುಹಾಕಿದರು.

"ಪೂರ್ತಿ ಹಸಿರಾ?"

"ಪೂರ್ತಿ. ಅವಳದು ಬಂತಾ?"

"ಇಲ್ಲ."

ಕೇಪಕ್ಕನ ಎದೆಯ ಮೇಲಿನ ಭಾರ ಇಳಿಯಿತು. ಈ ಒಂದು ಸಲವಾದರೂ ಆ ಹುಡುಗಿ ಹಿಂದೆ ಉಳಿದಿದ್ದಾಳೆ. ಮನೆಗೆ ಹೋಗುವಾಗ ಅತ್ತೆಗೆಂದು ಬಿಸ್ಕತ್ತು ಕೊಂಡಳು. ಸ್ಟ್ಯಾಂಡು ತನಗೇ ಸಿಕ್ಕ ಸುದ್ದಿ ಅತ್ತ ಮುಟ್ಟಿಸುವವರು ಅವರೇ ತಾನೆ.

ಶುಕ್ರವಾರ ಎರಡೂ ಸಿನಿಮಾ ತುಂಬಿದವು. ಶನಿವಾರ, ಭಾನುವಾರವೂ ತುಂಬಿದವು. ಸ್ಟ್ಯಾಂಡಿನಿಂದ ಒಂದಷ್ಟು ಮಿಡತೆಗಳು ಹೋದವು. ಆದರೂ ಬಲೂನು ಅಂಗಡಿಯವರ ಮುಖ ಅರಳಲಿಲ್ಲ. "ಭಾನುವಾರ ಯಾರು ಬೇಕಾದ್ರೂ ಓಡ್ತಾರೆ. ಸೋಮವಾರ ಯಾರು ಎದ್ದು ನಿಲ್ತಾರೋ ನೋಡಬೇಕು," ಎಂದರು.

ಸೋಮವಾರ ಉಲ್ಕೆಯ ಸಾಲು ರಸ್ತೆಯ ತಿರುವಿನವರೆಗೆ ಬಂದಿತ್ತು. ಮಿಡತೆಯ ಮಧ್ಯಾಹ್ನದ ಆಟಕ್ಕೆ ಹೋದವರು ಬೆರಳೆಣಿಕೆಯಷ್ಟು ಜನ. ಹೊರಬಂದ ಹುಡುಗಿಯೊಬ್ಬಳು ತನ್ನ ಅಪ್ಪನಿಗೆ ಹೇಳುತ್ತಿದ್ದಳು: "ಅವನು ಹಾರೋದೇ ಕೊನೇಲಿ ಅಪ್ಪ. ಅಲ್ಲೀವರೆಗೂ ಕೋರ್ಟಲ್ಲಿ ಕೂತಿರ್ತಾನೆ." ಬುಧವಾರಕ್ಕೆ ಮಿಡತೆಯನ್ನು ದೊಡ್ಡ ಪರದೆಯಿಂದ ಇಳಿಸಿ ಉಲ್ಕೆಗೆ ಇನ್ನೆರಡು ಆಟ ಕೊಟ್ಟರು.

ಕೇಪಕ್ಕ ಹೋದಾಗ ಬಲೂನು ಅಂಗಡಿಯವರು ಹಸಿರು ಉಡುಪುಗಳನ್ನು ಮಡಚುತ್ತಿದ್ದರು. ಸ್ಟ್ಯಾಂಡಿನಲ್ಲಿ ಕಾರ್ಖಾನೆಯಲ್ಲಿ ಹೊಲಿದ ಕಂಪನಿ ಮಾಲು ನೇತಾಡುತ್ತಿತ್ತು. ಎಲ್ಲವೂ ಕಿತ್ತಳೆ, ಹೊಲಿಗೆ ಸಡಿಲ, ಕೇಪು ಮೊಣಕಾಲಿಗೂ ಬರದಷ್ಟು ಗಿಡ್ಡ.

"ನಾಳೆ ನಾಡಿದ್ದರಲ್ಲಿ ನಾನು ಉಲ್ಕೆ ಹೊಲಿದುಕೊಡ್ತೀನಿ."

"ಬಟ್ಟೆ ಎಲ್ಲಿದೆಯಮ್ಮ? ನಾನೂ ವಿಚಾರಿಸಿದೆ. ಊರಲ್ಲಿ ಒಂದು ಮೀಟರ್ ಕಿತ್ತಳೆ ಇಲ್ಲ. ಕಂಪನಿಯವರ ಜೊತೆ ವರ್ಷಕ್ಕೆ ಮಾತಾಡಿಬಿಟ್ಟೆ."

"ನಮ್ಮ ಚಿಕ್ಕವಳಿಗೂ ಇಲ್ವಾ ಹಾಗಾದ್ರೆ ಜಾಗ?"

"ಅವರು ಎರಡು ತಿಂಗಳ ಹಿಂದೇನೇ ಬರಲ್ಲ ಅಂದಿದ್ರು. ನಿಮಗೆ ಹೇಳಿದ್ರೆ ಮೈಮರೀತೀರಿ ಅಂತ ಸುಮ್ಮನಿದ್ದೆ."

ಕೇಪಕ್ಕ ಮನೆಗೆ ಹೋಗಲಿಲ್ಲ. ನೇರ ಪಕ್ಕದ ಬೀದಿಗೆ ನಡೆದಳು. ವರ್ಷದಿಂದ ಆ ಮನೆಯ ಹೊಸಿಲು ದಾಟಿರಲಿಲ್ಲ.

"ಅಕ್ಕಾ! ಬಾ ಬಾ," ಎಂದು ಓರಗಿತ್ತಿ ಮಂಚದ ಮೇಲಿನ ರಾಶಿಯನ್ನು ಪಕ್ಕಕ್ಕೆ ತಳ್ಳಿ ಜಾಗ ಮಾಡಿದಳು. ಕೇಪಕ್ಕ ಕೂರಲಿಲ್ಲ. ರಾಶಿಯಿಂದ ಒಂದನ್ನು ಎತ್ತಿ ಹಿಡಿದಳು. ಮಂಕು ಹಸಿರು, ದಪ್ಪ ಹತ್ತಿ. ಉದ್ದ ತೋಳು, ಹಿಂದೆ ಪೂರ್ತಿ ಸೀಳು, ಕಟ್ಟಿಕೊಳ್ಳಲು ನಾಲ್ಕು ಪಟ್ಟಿ. ಮಕ್ಕಳ ಅಳತೆಯೂ ಅಲ್ಲ.

"ಇದೇನೇ ಇದು?"

"ಆಪರೇಷನ್ ಗೌನು. ದೊಡ್ಡಾಸ್ಪತ್ರೆ ಆರ್ಡರು. ತಿಂಗಳು ತಿಂಗಳೂ ಕೊಡ್ತಾರಂತೆ."

"ಮತ್ತೆ ಮಿಡತೆ?"

"ಯಾವ ಮಿಡತೆ?" ಎಂದು ಓರಗಿತ್ತಿ ನೆಲ ನೋಡಿದಳು, ಅಲ್ಲೇನೋ ಹಾರಿತೇನೋ ಎಂಬಂತೆ. ಆಮೇಲೆ ಅರ್ಥವಾಗಿ ನಕ್ಕಳು. "ಅಯ್ಯೋ, ಆ ಸಹವಾಸ ಬಿಟ್ಟೆ ಅಕ್ಕಾ. ಹೋದ ಸಲ ಕುರುಡು ಅದೃಷ್ಟ. ಪ್ರತಿ ಸಲ ಎದೆ ಹಿಡ್ಕೊಂಡು ಕೂರೋಕೆ ನನ್ನ ಕೈಲಾಗಲ್ಲ. ಸಿನಿಮಾ ಓಡಲಿ ಬಿಡಲಿ, ಕಾಯಿಲೆ ಅಂತೂ ಓಡ್ತಾನೇ ಇರುತ್ತೆ."

ಮಿಷನ್ನುಗಳ ಮುಂದೆ ಕೂತಿದ್ದ ಇಬ್ಬರು ಹೆಂಗಸರೂ ನಕ್ಕರು.

"ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳೋಕೆ ಅಂತಾನೇ ಬಂದಿದ್ದೆ. ನೀನು ಕದ ಹಾಕ್ಕೊಂಡು ಹೊಲೀತಿದ್ದೆ. ನಾನು ನೋಡಬಾರದು ಅಂತ ಮುಚ್ಚಿಡ್ತಿದೀಯ ಅನ್ಕೊಂಡು ವಾಪಸ್ ಬಂದೆ." ಓರಗಿತ್ತಿ ದಾರ ಕಚ್ಚಿ ತುಂಡರಿಸಿದಳು. "ಈ ಸಲ ನೀನು ಗೆದ್ದೆ ಬಿಡು. ಹಳೇ ಉಲ್ಕೆ ರಿಪೇರಿಗೆ ಬಂದಾಗೆಲ್ಲ ನಾನೇ ನಿನ್ನ ಹತ್ರ ಕಳಿಸ್ತಿದ್ದೆ. ಉಲ್ಕೆನೇ ತಾನೇ ಹೊಲಿದದ್ದು?"

"ಹೂಂ. ಉಲ್ಕೆನೇ," ಎಂದಳು ಕೇಪಕ್ಕ. ಹಸಿರು ಮೂಟೆಗಳು ಇಂದು ರಾತ್ರಿಯೇ ಮನೆಗೆ ಮರಳುತ್ತವೆ, ನಾಳೆ ಊಟದ ಹೊತ್ತಿಗೆ ಅತ್ತೆ ಎಲ್ಲ ಹೇಳಿಬಿಡುತ್ತಾರೆಂದು ಆಕೆಗೆ ಗೊತ್ತಿತ್ತು.

"ಪಟ್ಟಿ ಹೊಲಿಯೋಕೆ ಕೈ ಸಾಲ್ತಿಲ್ಲ ಅಕ್ಕಾ. ರಜೆ ಗಲಾಟೆ ಮುಗಿದ ಮೇಲೆ ಬರ್ತೀಯಾ?"

"ನನಗೆಲ್ಲಿದೆಯೇ ಪುರುಸೊತ್ತು?"

ಹೊರಡುವ ಮುನ್ನ ಆಕೆ ಗೌನಿನ ತೋಳನ್ನು ತಿರುವಿ ಒಳಹೊಲಿಗೆ ನೋಡಿದಳು. ತಪ್ಪು ಹುಡುಕಿದಳು. ಸಿಗಲಿಲ್ಲ.

ಉಲ್ಕೆಯ ಆರನೇ ಭಾಗ ಮುಂದಿನ ರಜೆಗೆಂದು ಘೋಷಣೆಯಾಗಿದೆ. ಅದು ಓಡುವುದೋ ಬೀಳುವುದೋ ಎಂದು ಬೀದಿಯವರು ಕೇಳಿದರೆ ಕೇಪಕ್ಕ ಈಗ ಉತ್ತರ ಕೊಡುವುದಿಲ್ಲ. ಗುರುವಾರ ಬೆಳಗ್ಗೆ ಆಕೆ ಬಸ್ ನಿಲ್ದಾಣದ ಹಿಂದಿನ ಹಲ್ಲಿನ ಆಸ್ಪತ್ರೆಗೆ ಹೋಗುತ್ತಿದ್ದಾಳೆ, ಅಲ್ಲಿ ಗೌನು ಹೊಲಿದುಕೊಡುವವರು ಯಾರು ಎಂದು ವಿಚಾರಿಸಲು. ಅತ್ತೆಗೆ ಮಾತ್ರ ಹಲ್ಲು ನೋವು ಎಂದು ಹೇಳಿದ್ದಾಳೆ.