ಹುಳು ಗೂಡು ಕಟ್ಟಿದ ಕಾರ್ತಿಕ

ಹೋದ ಕಾರ್ತಿಕದ ಒಂದು ಮಧ್ಯಾಹ್ನ ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹನೂರಿನ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಸಮುದ್ರದಲ್ಲಿ ಎಲ್ಲೋ ಸೈಕ್ಲೋನು ಎದ್ದಿದೆಯಂತೆ, ಎರಡು ದಿನದಿಂದ ಜಡಿಮಳೆ ಹಿಡಿದಿತ್ತು. ಒಂದು ಗೂಡ್ಸ್ ಆಟೋ ಬಂದು ನನ್ನ ಮುಂದೆಯೇ ನಿಂತಿತು. ಅದರ ತುಂಬ ಹಿಪ್ಪುನೇರಳೆ ಸೊಪ್ಪಿನ ಕಟ್ಟುಗಳು, ಮೇಲೊಂದು ನೀಲಿ ಟಾರ್ಪಾಲು. ಆ ಟಾರ್ಪಾಲಿನ ಸಂದಿಯಿಂದ ವಾಸನೆ ಬಂತು ನೋಡಿ, ನೆಂದ ಸೊಪ್ಪು ಕಟ್ಟಿನೊಳಗೇ ಬೆಚ್ಚಗಾಗುತ್ತ ಬಿಡುವ ವಾಸನೆ. ರೇಷ್ಮೆ ಸಾಕಿದ ಮನೆಯಲ್ಲಿ ಬೆಳೆದವರಿಗೆ ಅದನ್ನು ಹೇಳಬೇಕಾಗಿಲ್ಲ. ಬೆಳೆಯದವರಿಗೆ ಹೇಳಿ ತಿಳಿಸಲು ನನ್ನಿಂದ ಆಗದು. ಒರೆಸದೆ ಹುಳುವಿಗೆ ಹಾಕಬೇಡಪ್ಪ ಅಂತ ನನ್ನ ಬಾಯಿಂದ ತಾನಾಗಿ ಬಂದುಬಿಟ್ಟಿತು. ಆಟೋದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಈಗ ಒರ್ಸೋರ್ ಯಾರವ್ವ, ಫ್ಯಾನ್ ಆಕ್ಬುಟ್ಟು ಮನಿಕತ್ತರೆ” ಅಂದ. ಅವನು ಹೇಳಿದ್ದು ಸರಿ. ನಾನು ಮಾತ್ರ ಆ ಹೊತ್ತು ಅಲ್ಲಿ ಇರಲಿಲ್ಲ. ಮಡಿಲ ತುಂಬ ಹಳೆಯ ಸೀರೆಯ ಚೂರುಗಳನ್ನಿಟ್ಟುಕೊಂಡು ನಮ್ಮ ನಡುಮನೆಯ ಹೊಸಿಲ ಬಳಿ ಕೂತಿದ್ದೆ.

ಎಷ್ಟೋ ವರ್ಷದ ಹಿಂದಿನ ಆ ಕಾರ್ತಿಕದಲ್ಲಿ ಮನೆಯಲ್ಲಿದ್ದವರು ಐವರು. ಅಪ್ಪ, ಅಮ್ಮ, ಅಪ್ಪನ ತಾಯಿಯಾದ ನನ್ನ ಅಜ್ಜಿ, ಅಪ್ಪನ ಅಕ್ಕ ಅಮ್ಮಣ್ಣತ್ತೆ, ಮತ್ತೆ ಹತ್ತು ವರ್ಷದ ಹುಡುಗಿ ನಾನು. ಯಳಂದೂರಿನಿಂದ ಅಗರದ ಕಡೆ ಹೋಗುವ ದಾರಿಯಲ್ಲಿ, ಸುವರ್ಣಾವತಿ ಹೊಳೆಗೆ ಎರಡು ಗದ್ದೆ ಮೇಲಕ್ಕೆ ನಮ್ಮ ಮನೆ. ಮುಂದೆ ಜಗಲಿ, ಒಳಗೆ ಕಲ್ಲು ಗೋಡೆಯ ದೊಡ್ಡ ನಡುಮನೆ, ಅದರ ಮಗ್ಗುಲಿಗೆ ಅಡುಗೆಮನೆ, ಹಿಂದೆ ತಾತ ತನ್ನ ಕೈಯಾರೆ ಮಣ್ಣಿನ ಗೋಡೆ ಎಬ್ಬಿಸಿ ಇಳಿಸಿದ್ದ ಒಂದು ಕೋಣೆ. ಅತ್ತೆಯನ್ನು ಬಂಡಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ ದಿನ ಅವಳು ಒಂದು ಟ್ರಂಕು ಹಿಡಿದುಕೊಂಡು ತಿರುಗಿ ಬಂದಳು. ಆಗ ತಾತ ಇನ್ನೂ ಇದ್ದನಂತೆ. ಏನೂ ಕೇಳದೆ, ಹೊಳೆ ದಂಡೆಯ ಕಡ್ಡಿತೋಟವನ್ನು ಕೈ ಮಾಡಿ ತೋರಿಸಿ, ಇದು ನಿನ್ನದು, ಹುಳು ಸಾಕಿಕೋ ಅಂದನಂತೆ. ಅಂದಿನಿಂದ ಆ ಅರ್ಧ ಎಕರೆ ಹಿಪ್ಪುನೇರಳೆ, ಆ ಬಿದಿರು ತಟ್ಟೆಗಳು, ಅದರೊಳಗಿನ ಹುಳುಗಳು ಅವಳವು. ಮನೆಗೆ ವಾಪಸ್ಸು ಬಂದ ಹೆಣ್ಣು ಅನ್ನುವ ಮಾತನ್ನು ಊರು ಅವಳೆದುರು ಆಡದಂತೆ ತಡೆದಿದ್ದು ಆ ಹುಳುಗಳೇ.

ಹುಳು ಮನೆಗೆ ಬಂತೆಂದರೆ ನಡುಮನೆ ಅವಕ್ಕೆ. ನಾವೆಲ್ಲ ಜಗಲಿಗೂ ಅಡುಗೆಮನೆಗೂ ಸರಿಯಬೇಕು. ಜೋರಾಗಿ ಮಾತಿಲ್ಲ, ಒಗ್ಗರಣೆಗೆ ಬಾಗಿಲು ಮುಚ್ಚಬೇಕು, ಹೊರಗಿನವರು ಒಳಗೆ ಇಣುಕುವಂತಿಲ್ಲ. ಹುಳು ಪೊರೆ ಬಿಡಲು ಅಲುಗಾಡದೆ ತಲೆಯೆತ್ತಿ ಕೂರುವುದನ್ನು ನಮ್ಮ ಕಡೆ ಜ್ವರ ಅನ್ನುತ್ತಾರೆ; ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕು. ಜ್ವರದಲ್ಲಿದ್ದಾಗ ಅತ್ತೆ ನಡುಮನೆಯಲ್ಲಿ ಪಿಸುಮಾತಲ್ಲೇ ಓಡಾಡುವಳು, ಮಲಗಿದ ಕೂಸು ಎದ್ದುಬಿಟ್ಟೀತು ಅನ್ನುವ ಹಾಗೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಹೊಗೆಸೊಪ್ಪಿನದು. ಅದರ ಘಾಟು ತಾಗಿದರೆ ಹುಳು ಕಕ್ಕಿಕೊಂಡು ಸಾಯುತ್ತದೆ. ನನ್ನ ಅಜ್ಜಿಯೋ, ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸದೆ ಒಂದು ಗಳಿಗೆ ಇದ್ದವಳಲ್ಲ. ಹಾಗಾಗಿ ಪ್ರತಿ ಬೆಳೆಗೂ ಒಂದು ತಿಂಗಳು ಅಜ್ಜಿಗೆ ಹಿಂದಲ ಕೋಣೆ. ಅವಳ ಊಟ, ನೀರು, ಚಾಪೆ ಎಲ್ಲ ಅಲ್ಲಿಗೇ. ಅದಕ್ಕೆ ಅವಳಿಗೆ ಬೇಸರವಿರಲಿಲ್ಲ, ತಮಾಷೆಯಿತ್ತು. “ಬಂಡಳ್ಳೀಲಿ ನನ್ ಮಗಳ್ನ ಒರಗ್ ಆಕುದ್ರು, ಇಲ್ಲಿ ನನ್ ಮಗಳು ನನ್ನ ಒರಗ್ ಆಕವ್ಳೆ” ಅಂತ ಬಂದವರೆದುರೆಲ್ಲ ಹೇಳಿ ನಗುವಳು. ಅತ್ತೆಯೂ ನಗುವಳು. ಆ ಮನೆಯಲ್ಲಿ ಅಂಥ ಮಾತುಗಳನ್ನು ನಗುತ್ತಲೇ ಆಡಬಹುದಿತ್ತು.

ಆ ವರ್ಷ ಮಾತ್ರ ನಗು ಸ್ವಲ್ಪ ಕಡಿಮೆಯಿತ್ತು. ಹಿಂದಿನ ಎರಡು ಬೆಳೆಯೂ ಸಪ್ಪೆ ರೋಗ ಬಂದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ತಟ್ಟೆಯಲ್ಲೇ ಕರಗಿ ಹೋಗಿದ್ದವು. ಬುಟ್ಟಿ ಬುಟ್ಟಿ ತಿಪ್ಪೆಗೆ ಸುರಿದು ಬಂದ ಅತ್ತೆ ಆ ದಿನ ಉಂಡಿರಲಿಲ್ಲ. ಈ ಸಲವೂ ಕೆಟ್ಟರೆ ಕಡ್ಡಿ ಕಿತ್ತು ಕಬ್ಬು ಹಾಕುತ್ತೇನೆ ಅಂತ ಅಪ್ಪ ಹೇಳಿಬಿಟ್ಟಿದ್ದ. ಅವನು ಕೆಟ್ಟವನಲ್ಲ, ಅಕ್ಕನನ್ನು ಕಂಡರೆ ಪ್ರಾಣ. ಆದರೆ ಹೇಳಿದ್ದ, ಅತ್ತೆ ಕೇಳಿಸಿಕೊಂಡಿದ್ದಳು. ಕಬ್ಬು ಬಂದರೆ ಅದು ಅಪ್ಪನ ಬೆಳೆ. ಅವಳು ತಮ್ಮನ ಮನೆಯಲ್ಲಿ ಉಣ್ಣುವ ಹೆಂಗಸು.

ಹುಳು ನಾಲ್ಕನೇ ಜ್ವರ ಎದ್ದು ಐದು ದಿನವಾಗಿತ್ತು. ಇನ್ನು ಮೂರು ದಿನ ಹೊಟ್ಟೆ ತುಂಬ ತಿಂದರೆ ಗೂಡಿಗೆ. ಮಳೆ ಹಿಡಿದದ್ದು ಆಗ. ಮುಂಗಾರಿನ ಹಾಗೆ ಗುಡುಗಿ ಹೊಯ್ದು ಹೋಗುವ ಮಳೆಯಲ್ಲ ಅದು, ಬಿಳಿಗಿರಿ ಬೆಟ್ಟದ ಕಡೆಯಿಂದ ಥಂಡಿ ಗಾಳಿ ಕಟ್ಟಿಕೊಂಡು ಬಂದು ಹಗಲಿರುಳು ಒಂದೇ ಸಮ ಸುರಿಯಿತು. ನೆಂದ ಸೊಪ್ಪು ತಿಂದರೆ ಹುಳುವಿಗೆ ರೋಗ ಖಂಡಿತ. ಹಸಿದರೆ ಗೂಡು ಕಟ್ಟದೆ ಸಾಯುತ್ತದೆ. ಮೊದಲ ದಿನ ಮಧ್ಯಾಹ್ನಕ್ಕೇ ಹೊಳೆ ಕಡ್ಡಿತೋಟದ ಬದು ದಾಟಿತು. ಅಪ್ಪ, ಅತ್ತೆ, ಪಕ್ಕದ ಮನೆಯ ರಾಚಣ್ಣ ಮೂವರೂ ಸೊಂಟದವರೆಗೆ ನೀರಲ್ಲಿ ನಿಂತು, ಮುಳುಗುವ ಮುಂಚೆ ಕೊಯ್ಯಲಾದಷ್ಟು ಸೊಪ್ಪಿನ ಕಡ್ಡಿ ಕೊಯ್ದು ತಲೆ ಮೇಲೆ ಹೊತ್ತು ತಂದರು. ಜಗಲಿಯ ತೊಲೆಯಿಂದ ತೊಲೆಗೆ ಹಗ್ಗ ಬಿಗಿದು ಅವನ್ನೆಲ್ಲ ತಲೆಕೆಳಗಾಗಿ ನೇತುಹಾಕಿದೆವು. ಆಮೇಲೆ ಒರೆಸಲು ಕೂತೆವು. ಒಂದೊಂದೇ ಎಲೆ, ಮೇಲೊಮ್ಮೆ, ಅಡಿಗೊಮ್ಮೆ. ಹಳೆಯ ಸೀರೆಗಳು ತೊಯ್ದು ತೊಪ್ಪೆಯಾದವು, ಅಪ್ಪನ ಪಂಚೆಗಳು ಮುಗಿದವು. ಎರಡನೇ ದಿನ ಅತ್ತೆ ಟ್ರಂಕು ತೆಗೆದು, ಮದುವೆಗೆ ತಂದಿದ್ದ ನೂಲಿನ ಸೀರೆಯನ್ನು ಹಲ್ಲಲ್ಲಿ ಕಚ್ಚಿ ಹರಿದು ನಮಗೆಲ್ಲ ಹಂಚಿದಳು. ಅಮ್ಮ ಬೇಡ ಅನ್ನಲು ಬಾಯಿ ತೆರೆದವಳು ತನ್ನ ಪಾಲಿನ ಚೂರನ್ನು ಕೈಗೆತ್ತಿಕೊಂಡಳು. ಒಳಗೆ ತಟ್ಟೆಗಳಲ್ಲಿ ಹುಳು ಎಲೆ ಕಡಿಯುವ ಸದ್ದು, ಹೊರಗೆ ಹೆಂಚಿನ ಮೇಲೆ ಮಳೆಯ ಸದ್ದು. ಅಜ್ಜಿ ತನ್ನ ಕೋಣೆಯಿಂದಲೇ ಆಗಾಗ ಕೂಗಿ ಕೇಳುವಳು, ಮಳೆ ನಿಂತಿತಾ ಅಂತ. ನಿಂತಿಲ್ಲ ಅನ್ನುವೆವು. ಅವಳ ಕೋಣೆ ಸೋರುತ್ತಿತ್ತು, ನೆಲದಿಂದಲೂ ನೀರು ಜಿನುಗುತ್ತಿತ್ತು. ಅಪ್ಪ ಕಲ್ಲಿಟ್ಟು ಹಲಗೆ ಹಾಕಿ ಅವಳ ಚಾಪೆಯನ್ನು ಎತ್ತರಿಸಿ ಕೊಟ್ಟಿದ್ದ.

ಆ ಎರಡನೇ ದಿನದ ಸಂಜೆಯನ್ನು ನಾನು ಇಷ್ಟು ವರ್ಷ ಯಾರಿಗೂ ಸರಿಯಾಗಿ ಹೇಳಿಲ್ಲ. ಅಜ್ಜಿ ಗೋಡೆ ಹಿಡಿದುಕೊಂಡು ಮೆಲ್ಲಗೆ ಬಂದು ನಡುಮನೆಯ ಹೊಸಿಲ ಆಚೆ ನಿಂತಳು. ಸೆರಗು ಹೊದ್ದಿದ್ದಳು, ಗದ್ದ ನಡುಗುತ್ತಿತ್ತು. ಕೈಯಲ್ಲಿ ಎಲೆಯಡಿಕೆಯ ಚೀಲವಿತ್ತು, ಒಳಗಿನದು ಹೊರಗಾಗಿ ಮಗುಚಿತ್ತು. “ಒಗೆಸೊಪ್ಪ ಎಲ್ಲಾನೂ ನೀರ್ಗ್ ಬುಟ್ಟೆ ಕಣೆ ಅಮ್ಮಣ್ಣಿ. ಬೂದಿ ಆಕಿ ಬಾಯಿ ಉಜ್ಕೊಂಡಿವ್ನಿ. ಮೂಸ್ ನೋಡು” ಅಂದು ಬಾಯಿ ತೆರೆದಳು. ಅತ್ತೆ ಎದ್ದು ಹೋಗಿ ಬಗ್ಗಿ, ಅವಳ ಬಾಯಿಯ ಹತ್ತಿರ ಮೂಗು ತಂದಳು. ನಾವು ಒರೆಸುವುದನ್ನು ನಿಲ್ಲಿಸಿ ನೋಡುತ್ತಿದ್ದೆವು. ಅಮ್ಮ ಮೆಲ್ಲಗೆ, ಒಂದು ಮೂಲೆಯಲ್ಲಿ ಇರಲಿ ಬಿಡು ಅಂದಳು. ಅತ್ತೆ ತಟ್ಟೆಗಳ ಕಡೆ ನೋಡಿದಳು, ಮತ್ತೆ ಅವ್ವನ ಮುಖ ನೋಡಿದಳು.

“ಇನ್ನೂ ಘಾಟು ಅದೆ ಕಣವ್ವ. ಎರಡು ದಿನ ತಡ್ಕ. ಉಳ ಗೂಡಿಗೆ ಓಗ್ಬುಡ್ಲಿ, ಆಮೇಲೆ ನಡುಮನೆ ಪೂರ್ತಿ ನಿಂದೇ.”

ಅಜ್ಜಿ ಬಾಯಿ ಮುಚ್ಚಿದಳು. ನಕ್ಕಳು ಕೂಡ. “ನೀನು ಮಣ್ಣು ತಿಂದಿದ್ದೀಯಾ ಅಂತ ನಿನ್ ಬಾಯಿ ಎಷ್ಟ್ ಸಲ ಮೂಸಿವ್ನಿ ನಾನು. ಈಗ ನಿನ್ ಸರದಿ ಬುಡು” ಅಂದು ಹಿಂದಕ್ಕೆ ತಿರುಗಿದಳು. ಅಪ್ಪ ಅವಳ ಹಿಂದೆಯೇ ಕೆಂಡದ ಮಡಕೆಯೊಂದನ್ನು ಒಯ್ದು ಇಟ್ಟು ಬಂದ. ಅತ್ತೆ ಕೂತು ಮತ್ತೆ ಎಲೆ ಒರೆಸತೊಡಗಿದಳು. ಯಾರೂ ಕ್ರೂರಿಗಳಾಗಿರಲಿಲ್ಲ. ಓದುವ ನೀವು ಇದನ್ನು ನಂಬಬೇಕು, ನಾನು ಅಲ್ಲಿದ್ದೆ.

ಮೂರನೇ ದಿನ ನೀರು ಅಂಗಳದ ಕೆಳಗಿನ ಮೆಟ್ಟಿಲು ಮುಟ್ಟಿ ನಿಂತಿತು. ಕೆಳಗಿನ ಬೀದಿಯವರು ಕೋಳಿ, ಮಡಕೆ, ಮಕ್ಕಳನ್ನು ಎತ್ತಿಕೊಂಡು ಸ್ಕೂಲಿಗೆ ಸೇರಿದರು. ನಮ್ಮನ್ನೂ ಕರೆದರು. ಹುಳು ಬಿಟ್ಟು ಬರಲ್ಲ ಅಂದಳು ಅತ್ತೆ. ಅವಳನ್ನು ಬಿಟ್ಟು ನಾವು ಹೋಗಲಿಲ್ಲ. ನಾಲ್ಕನೇ ದಿನ ಬೆಳಗ್ಗೆ ಮಳೆ ನಿಂತು ಬಿಸಿಲು ಬಂತು, ತೊಳೆದಿಟ್ಟ ಹಿತ್ತಾಳೆ ತಟ್ಟೆಯಂಥ ಬಿಸಿಲು. ಅದೇ ಬೆಳಗ್ಗೆ ಹುಳು ಹಣ್ಣಾದವು. ಒಳಗೆ ದೀಪ ಹಚ್ಚಿದ ಹಾಗೆ ಅವುಗಳ ಮೈ ಹಳದಿಯಾಗಿ ಪಾರದರ್ಶಕವಾಗುತ್ತದೆ, ತಲೆ ಎತ್ತಿ ಅತ್ತಿತ್ತ ಗಾಳಿಯಲ್ಲಿ ನೂಲು ಕಟ್ಟಲು ಆಸರೆ ಹುಡುಕುತ್ತವೆ. ಆಗ ಒಂದೊಂದನ್ನೂ ಆರಿಸಿ ಚಂದ್ರಂಕಿಗೆ, ಅಂದರೆ ಗೂಡು ಕಟ್ಟುವ ಬಿದಿರು ಚಾಪೆಗೆ ಬಿಡಬೇಕು. ತಡವಾದರೆ ನೂಲು ನೆಲದ ಪಾಲು. ಮನೆಯವರ ಅಷ್ಟೂ ಕೈ ಅದಕ್ಕೇ ಹತ್ತಿದವು.

ರಾಚಣ್ಣ ಬೇಲಿಯಾಚೆಯಿಂದ ಹೋಗುತ್ತ ಅಪ್ಪನಿಗೆ ಎಚ್ಚರಿಕೆ ಹೇಳಿದ. “ಲೇ, ದನವ ಗೋಡೆ ತಾವಿಂದ ಬಿಚ್ಚ್ಲಾ. ಮಳೆ ತಡೆದ ಗೋಡೆ ಬಿಸ್ಲಿಗೆ ಕೂತ್ಕತ್ತದೆ.” ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಮಾತೇ. ನೆಂದ ಮಣ್ಣಿನ ಗೋಡೆ ಮಳೆಯಲ್ಲಿ ನಿಂತಿರುತ್ತದೆ, ಬಿಸಿಲು ಬಿದ್ದು ಹೊರಮೈ ಒಣಗಿದಾಗ ಬಿರಿಯುತ್ತದೆ. ಅಪ್ಪ ಓಡಿಹೋಗಿ ಹಿಂದಲ ಕೋಣೆಯ ಗೋಡೆಗೆ ಕಟ್ಟಿದ್ದ ಎರಡೂ ಹಸುಗಳನ್ನು ಬಿಚ್ಚಿ ಹುಣಸೆಮರಕ್ಕೆ ಕಟ್ಟಿ ಬಂದ. ಬಂದವನೇ ಮತ್ತೆ ಹುಳು ಆರಿಸಲು ಕೂತ. ಮೊದಲ ಚಂದ್ರಂಕಿ ತುಂಬಿದಾಗ ಅತ್ತೆಯ ಮುಖ ಅರಳಿತು. ಒಂದು ಮೂಲೆ ಗುಡಿಸಿ, ಚಾಪೆ ಹಾಸಿ, “ಅವ್ವನ ಕರ್ಕ ಬಾ ಓಗು ಮಗ, ಇನ್ ಏನೂ ಆಗಲ್ಲ” ಅಂದಳು.

ನಾನು ಹಿಂದಕ್ಕೆ ಹೋದೆ. ಹಸುಗಳು ಹೋದ ಜಾಗದಲ್ಲಿ ಬಿಸಿಲು ಚೆನ್ನಾಗಿ ಬಿದ್ದಿತ್ತು. ಅಜ್ಜಿ ಅಲ್ಲಿ ಗೋಣಿಚೀಲ ಹಾಸಿ, ಗೋಡೆಗೊರಗಿ, ಕಾಲು ಚಾಚಿ ಕೂತಿದ್ದಳು. ಕೂದಲು ಬಿಚ್ಚಿ ಹರವಿಕೊಂಡಿದ್ದಳು. ಮೂರು ದಿನದ ಥಂಡಿ ಮೈಯಿಂದ ಬಿಡುತ್ತಿದ್ದ ಸುಖಕ್ಕೆ ಕಣ್ಣು ಅರ್ಧ ಮುಚ್ಚಿತ್ತು. ಗೋಡೆಯ ಮಾತು ಅವಳಿಗೆ ಗೊತ್ತಿಲ್ಲದ್ದಲ್ಲ, ನನಗೂ ಗೊತ್ತಿತ್ತು. ಅತ್ತೆ ಕರೀತಾಳೆ ಅಂದೆ. “ಮೈ ಬೆಚ್ಚಗಾಗ್ಲಿ, ಬತ್ತೀನಿ ಓಗು” ಅಂದಳು. ನಾನು ಒಳಗೆ ಬಂದು, ಬರ್ತಾಳಂತೆ ಅಂದೆ. ಇನ್ನೊಂದು ತಟ್ಟೆಗೆ ಕೈ ಹಾಕಿದೆವು. ಆಮೇಲೆ ಕೇಳಿಸಿದ್ದು ದೊಡ್ಡ ಸದ್ದೇನಲ್ಲ. ಬಂಡಿಯಿಂದ ಮಣ್ಣು ಸುರಿದ ಹಾಗೆ, ಅಷ್ಟೆ. ಹಸುಗಳು ಕೂಗಿದವು.

ಆ ಬೆಳೆಯ ಗೂಡು ನಮ್ಮ ಸೀಮೆಯಲ್ಲೇ ಯಾರೂ ತೆಗೆಯದಂಥ ಗೂಡಾಯಿತು. ಒಂದೊಂದೂ ಗಟ್ಟಿ, ಹೊಂಬಣ್ಣ, ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲಕಿಯ ಹಾಗೆ ನುಡಿಯುತ್ತಿತ್ತು. ಅಪ್ಪ ಒಬ್ಬನೇ ಅದನ್ನು ಮಾರಲು ಕೊಳ್ಳೇಗಾಲಕ್ಕೆ ಒಯ್ದ. ಕಡ್ಡಿ ಕೀಳುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಈಗ ಆ ಮನೆ ಇಲ್ಲ, ಆ ಜಾಗದಲ್ಲಿ ಮೊದಲೇ ಬೇರೆ ಹೋಗಿದ್ದ ಚಿಕ್ಕಪ್ಪನ ಮಗನ ಮೋಲ್ಡು ಮನೆಯಿದೆ. ಅಪ್ಪ ಇಲ್ಲ, ಅಮ್ಮ ಇಲ್ಲ, ಅತ್ತೆಯೂ ಹೋಗಿ ಎಷ್ಟೋ ಕಾಲವಾಯಿತು. ಕಾರ್ತಿಕದಲ್ಲಿ ಮಳೆ ಹಿಡಿದಾಗಲೆಲ್ಲ ನಾನು ಯಾರನ್ನು ಬಯ್ಯಲಿ ಅಂತ ಹುಡುಕುತ್ತೇನೆ. ಹುಳುವನ್ನೇ, ಹೊಗೆಸೊಪ್ಪನ್ನೇ, ಹೊಳೆಯನ್ನೇ, ಹತ್ತು ವರ್ಷದ ನನ್ನನ್ನೇ. ನಿಮಗೂ ಹೀಗೆ ಯಾರೋ ಒಬ್ಬರನ್ನು ಕೈ ಹಿಡಿದು ಎಬ್ಬಿಸಿಕೊಂಡು ಬರಬಹುದಿತ್ತು ಅನ್ನಿಸಿದ್ದರೆ, ಹೆಚ್ಚು ಹೇಳುವುದು ಬೇಡ.

ಆ ಕಾರ್ತಿಕ ಮುಗಿದು ಯುಗಾದಿ ಕಳೆದ ಮೇಲೆ, ಮರಿಹುಳು ಕೊಡುವ ಕೇಂದ್ರದವನೊಬ್ಬ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದ. ನಿಮ್ಮ ಗೂಡಿನ ಮಾತು ಎಲ್ಲ ಕಡೆ ಆಡ್ತಿದಾರೆ, ನಿಮಗೆ ಅಂತಲೇ ಒಳ್ಳೆಯ ಹುಳು ತೆಗೆದಿಟ್ಟಿದ್ದೇನೆ ಅಂದ. ತೋಟದಲ್ಲಿ ಸೊಪ್ಪು ಆಳೆತ್ತರ ಬೆಳೆದು ನಿಂತಿತ್ತು. ಅತ್ತೆ ಅವನಿಗೆ ಮಜ್ಜಿಗೆ ತಂದು ಕೊಟ್ಟಳು. ಅವನು ಕುಡಿಯುವವರೆಗೆ ಬಾಗಿಲಲ್ಲೇ ನಿಂತಿದ್ದು, “ನಮ್ಮನೇಲಿ ಜಾಗ ಇಲ್ಲ ಸಾ” ಅಂದಳು.

ಅವನು ಅವಳ ಭುಜದ ಮೇಲಿಂದ ಒಳಗೆ ನೋಡಿದ. ತಟ್ಟೆಗಳಿರಲಿಲ್ಲ, ಚಂದ್ರಂಕಿ ಇರಲಿಲ್ಲ. ನಡುಮನೆ ಈ ಗೋಡೆಯಿಂದ ಆ ಗೋಡೆಯವರೆಗೆ ಸಾರಿಸಿ ಬಿಟ್ಟಂತೆ ಖಾಲಿ ಇತ್ತು. ಅವನು ಲೋಟ ಕೆಳಗಿಟ್ಟು, ಸೈಕಲ್ ಹತ್ತಿ ಅಗರದ ಕಡೆ ಹೋದ.